ಯಾರೂ ನೋಡದ ಕಡೇ ಅಂಕ

ಹೇಳಿದ ಹೊತ್ತಿಗೆ ಹೋಗಿ, ಹೇಳಿದ ಜಾಗದಲ್ಲಿ ಕೂತು, ಮುಗಿದ ಮೇಲೆ ಎದ್ದು ಬರುವ ಮನುಷ್ಯನಿಗೇ ಈ ಪ್ರಪಂಚದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ; ಉಳಿದವರು ಸುಖವಾಗಿರುತ್ತಾರೆ. ನಾನು ಧಾರವಾಡದಲ್ಲಿ ವಕೀಲಿ ಮಾಡಿದವನು, ಕಲಿತದ್ದು ಇಂಗ್ಲಿಷ್ ಸಾಲಿಯಲ್ಲಿ. ಯಾವ ಬರವಣಿಗೆಗೇ ಆಗಲಿ ಆರಂಭ, ಮಧ್ಯ, ಅಂತ್ಯ ಮೂರೂ ಇರಬೇಕೆಂದು ನಮ್ಮ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದರು. ಹುಬ್ಬಳ್ಳಿಯ ನಾಟಕದ ಮಂದಿಗೆ ಅಂಥ ಮಾಸ್ತರರು ಸಿಕ್ಕಿರಲಿಲ್ಲ. ಒಂದೇ ಒಂದು ನಾಟಕದ ಅಂತ್ಯ ತಿಳಿಯಲು ನಾನು ಪಟ್ಟ ಪಾಡನ್ನು ನೆನೆದರೆ ಈಗಲೂ ಮನುಷ್ಯಜಾತಿಯ ಮೇಲಿನ ಭರವಸೆ ಹೋಗುತ್ತದೆ.

ರಾಣಿ ಬಂದಳು, ಮತ್ತೆ ಬಂದಳು

ಆಗ ಹುಬ್ಬಳ್ಳಿ ಸ್ಟೇಶನ್ನಿನ ಸಮೀಪ ತಗಡಿನ ಥೇಟರಿನಲ್ಲಿ ಒಂದು ನಾಟಕ ಕಂಪನಿ ಠಿಕಾಣಿ ಹೂಡಿತ್ತು. ಮಳೆಗಾಲಕ್ಕೆ ಮುಂಚೆ ಬಂದದ್ದು, ದೀಪಾವಳಿ ಆದರೂ ಕದಲಲಿಲ್ಲ. ಆಡುತ್ತಿದ್ದದ್ದು ಒಂದೇ ಸಂಗೀತ ನಾಟಕ. ಕಥೆ ಸಣ್ಣದು. ರಾಜ ಯಾರದೋ ಚಾಡಿ ಕೇಳಿ, ಸಂಶಯಪಟ್ಟು, ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ಕಡೇ ಅಂಕದಲ್ಲಿ ಆಕೆ ನಿರ್ದೋಷಿ ಎಂದು ತಿಳಿದು ಕ್ಷಮೆ ಬೇಡಲು ಹೋಗುತ್ತಾನೆ. ರಾಣಿ ಕ್ಷಮಿಸುತ್ತಾಳೋ ಇಲ್ಲವೋ? ಇಷ್ಟೇ ಪ್ರಶ್ನೆ.

ಒಂದು ಐತವಾರ ಮಧ್ಯಾಹ್ನದ ಆಟಕ್ಕೆಂದು ನಾನೂ ನನ್ನ ಹೆಂಡತಿಯೂ ಧಾರವಾಡದ ಮಾಳಮಡ್ಡಿಯ ಮನೆಗೆ ಬೀಗ ಹಾಕಿ ರೈಲುಗಾಡಿ ಹತ್ತಿದೆವು. ಸಂಜೆಯ ಗಾಡಿಗೆ ವಾಪಸು ಬರುವ ಲೆಕ್ಕ. ರಾಣಿಯ ಪಾರ್ಟು ಮಾಡುವವ ಗಂಡಸೇ ಆದರೂ ಕಂಠ ಬಂಗಾರದ್ದು. ಮೊದಲ ಹಾಡು ಮುಗಿಯಿತೋ ಇಲ್ಲವೋ, ಮುಂದಿನ ಕುರ್ಚಿಯಲ್ಲಿದ್ದ ಹತ್ತಿ ವ್ಯಾಪಾರದ ಸಾವಕಾರರೊಬ್ಬರು ಎದ್ದು ನಿಂತು ಗುಡುಗಿದರು: "ವನ್ಸ್ ಮೋರ್!" ಅವರ ಹಿಂದಿದ್ದ ಸಾಲುಗಳೆಲ್ಲ ಗುಡುಗಿದವು.

ವನ್ಸ್ ಮೋರ್ ಅಂದರೆ ಹಾಡು ಇನ್ನೊಮ್ಮೆ ಹಾಡಿದರೆ ತೀರಲಿಲ್ಲ. ರಾಣಿ ಒಳಗೆ ಹೋಗಿ ಮತ್ತೆ ಬರಬೇಕು. ಅದೇ ಸಖಿ ಅದೇ ಬುಟ್ಟಿಯಿಂದ ಅದೇ ಹೂವನ್ನು ಮತ್ತೆ ಚೆಲ್ಲಬೇಕು. ಚೆಲ್ಲಿದ್ದನ್ನು ಮೊದಲು ಆರಿಸಿಕೊಳ್ಳಬೇಕು. ಅದು ಮುಗಿದು ರಾಜ ಬಂದು ಹಾಡಿದ. ಈಗ ನೆಲದ ಮೇಲೆ ಕೂತ ಮಂದಿಯ ನಡುವಿನಿಂದ ಗ್ಯಾಸಬತ್ತಿ ರಿಪೇರಿಯ ಮಿಸ್ತ್ರಿ ಎದ್ದ: "ವನ್ಸ್ ಮೋರ್! ನಮ್ಮ ರಾಜಾಗೂ ಆಗ್ಲಿ!" ರಾಣಿಗೆ ಎಷ್ಟು ಸಲ ಆಯಿತೋ ರಾಜನಿಗೆ ಅದಕ್ಕಿಂತ ಒಂದು ಹೆಚ್ಚು. ರಾಜನಿಗೆ ಹೆಚ್ಚಾದರೆ ರಾಣಿಗೆ ಅದರ ಮೇಲೊಂದು. ಊರು ಎರಡು ಪಕ್ಷ ಆಗಿತ್ತು. ಹಾಡು ಹೇಗಿತ್ತು ಎಂದು ಯಾರೂ ಕೇಳುವಂತಿರಲಿಲ್ಲ. ಅದು ಮರ್ಯಾದೆಯ ಪ್ರಶ್ನೆ.

ರಾಜ ರಾಣಿಯನ್ನು ಕಾಡಿಗೆ ಕಳಿಸುವ ಹೊತ್ತಿಗೆ ನಮ್ಮ ಗಾಡಿಯ ಹೊತ್ತಾಯಿತು. ಓಡಿದೆವು. ಡಬ್ಬಿಯಲ್ಲಿ ಕೂತ ಮೇಲೆ ಹೆಂಡತಿ ಕೇಳಿದಳು: "ಅಲ್ರಿ, ರಾಣಿ ಕಡೀಕ ಏನು ಮಾಡಿದ್ಲು?"

"ಮುಂದಿನ ವಾರ ನೋಡಿ ಬಂದು ಹೇಳತೀನಿ" ಎಂದು ಮಾತು ಕೊಟ್ಟೆ. ಕೊಟ್ಟ ಮಾತು ಮುರಿದವನಲ್ಲ ನಾನು. ಮುಂದಿನ ವಾರ ಹೋದೆ. ಅದರ ಮುಂದಿನ ವಾರವೂ ಹೋದೆ. ಪಕ್ಷಗಳ ಜಿದ್ದು ಏರಿದಂತೆ ನಾಟಕ ಹಿಂದೆ ಹಿಂದೆ ಸರಿಯಿತು. ಕಡೆಗೊಂದು ವಾರ ರಾಜನಿಗೆ ಇನ್ನೂ ಸಂಶಯವೇ ಬಂದಿರಲಿಲ್ಲ, ನನ್ನ ಗಾಡಿ ಬಂತು. ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಆಕೆ ನನ್ನ ಕೋಟನ್ನು ಗೂಟಕ್ಕೆ ಹಾಕುತ್ತ ಅಂದಳು:

"ಇಷ್ಟು ಸರ್ತಿ ಹೋದ್ರೂ ಕಡೀ ಗೊತ್ತಿಲ್ಲಂತೀರಿ. ರಾಜಾಗ ಸಂಶಯ ಬರಲಿಲ್ಲಂದ್ರ ಇರಲಿ ಬಿಡ್ರಿ. ನನಗ ಬರ್ಲಿಕತ್ತದ."

ತಿಳಿದವರನ್ನು ಕೇಳಿದೆ

ನಾಟಕ ನೋಡಿಯೇ ತಿಳಿಯಬೇಕೆಂದು ಕಾನೂನೇನೂ ಇಲ್ಲ. ಥೇಟರಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಹಾಡಿನ ಮುಂದೆ ಕಥಾಸಾರವೂ ಇತ್ತು. ಕೊಂಡು, ಗಾಡಿಯಲ್ಲಿ ಕೂತು ಓದಿದೆ. ರಾಜ ಕಾಡಿಗೆ ಬಂದು ರಾಣಿಯ ಎದುರು ನಿಂತನು ಎಂಬಲ್ಲಿಗೆ ಕಥೆ ನಿಂತಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: 'ಮುಂದಿನದನ್ನು ರಂಗದ ಮೇಲೆ ನೋಡಿ ಆನಂದಿಸಿರಿ.'

ಸಾವಕಾರರು ಕೋರ್ಟಿನಲ್ಲಿ ನನ್ನ ಪಕ್ಷಕಾರರೇ. ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಒಂದು ಆಟವನ್ನೂ ತಪ್ಪಿಸದೆ ಬರುವವರು. ಅವರನ್ನು ಕೇಳಿದೆ.

"ಇದೇನ್ ಕೇಳ್ತೀರಿ ರಾಯರ! ಆ ತಾಯಿ ಕ್ಷಮಾ ಮಾಡ್ತಾಳ್ರಿ. ಅಂಥಾ ದೊಡ್ಡ ಜೀವ ಅದು."

"ನೀವು ನೋಡೀರೇನು?"

"ಕಡೀ ಅಂಕಾನ? ಆಕೀ ಹಾಡು ಮುಗದ ಮ್ಯಾಲೆ ಅಲ್ಲೇನ್ ಕೆಲಸ್ರಿ? ನಾ ಎದ್ದ ಹೋಕ್ಕೇನಿ."

ಮಿಸ್ತ್ರಿಯನ್ನು ಕೇಳಿದೆ. ನಮ್ಮ ಮನೆಯ ಗ್ಯಾಸಬತ್ತಿಯೂ ಅವನದೇ ಕೈ ಕಂಡದ್ದು; ನಿಯತ್ತಿನ ಮನುಷ್ಯ.

"ಆಕಿ ಏನ್ ಕ್ಷಮಾ ಮಾಡ್ತಾಳ್ರೀ ವಕೀಲಸಾಬ? ರಾಜಾನ ಆಕೀನ್ನ ಕ್ಷಮಾ ಮಾಡ್ತಾನ. ರಾಜಾನ ದಿಲ್ ದೊಡ್ಡದು."

"ತಪ್ಪು ಮಾಡಿದವ ರಾಜ ಅಲ್ಲೇನಪ್ಪ?"

"ಅದಕ್ಕ ನೋಡ್ರಿ, ತಪ್ಪು ಮಾಡಿನೂ ಕ್ಷಮಾ ಮಾಡ್ತಾನ. ಎಂಥಾ ದಿಲ್ ಇರಬೇಕು!"

ಇಂಥ ಸಾಕ್ಷಿಗಳನ್ನು ಕಟ್ಟಿಕೊಂಡು ನಾನು ಹೆಂಡತಿಯ ಮುಂದೆ ಹೇಗೆ ನಿಲ್ಲಲಿ?

ಕಿವಿಗೆ ಹತ್ತಿ

ಸಾವಕಾರರು ಅಂಗಿಯ ಕಿಸೆಯಲ್ಲಿ ಯಾವಾಗಲೂ ಹತ್ತಿಯ ಮಾದರಿ ಇಟ್ಟುಕೊಂಡಿರುತ್ತಿದ್ದರು. ಒಂದು ಐತವಾರ ರಾಜ ಹಾಡಲು ಬಾಯಿ ತೆರೆದ ಕೂಡಲೇ ಅದನ್ನು ಹೊರಗೆ ತೆಗೆದು, ಎಲ್ಲರಿಗೂ ಕಾಣುವಂತೆ ಎರಡೂ ಕಿವಿಗೆ ತುರುಕಿಕೊಂಡರು. ಉಳಿದದ್ದನ್ನು ಸಾಲಿನಲ್ಲಿದ್ದವರಿಗೆಲ್ಲ ಪ್ರಸಾದದಂತೆ ಹಂಚಿದರು. ಅವರೂ ತುರುಕಿಕೊಂಡರು.

ಪಕ್ಕದಲ್ಲಿ ಇನ್ನೊಬ್ಬ ವ್ಯಾಪಾರಿ ಕೂತಿದ್ದರು. ಅವರು ಕಿವಿಗೆ ಇಡುವ ಮೊದಲು ರೂಢಿಯಂತೆ ಹತ್ತಿಯನ್ನು ಬೆರಳಲ್ಲಿ ಹಿಂಜಿ, ಎಳೆ ಎಳೆದು ನೋಡಿದರು. ಹುಬ್ಬು ಮೇಲೆ ಹೋಯಿತು. ಸಾವಕಾರರ ಹೆಗಲ ಮೇಲಿನ ವಸ್ತ್ರ ಎಳೆದುಕೊಂಡು ಅದರ ಅಡಿಯಲ್ಲಿ ಕೈ ಚಾಚಿದರು. ಹತ್ತಿಪ್ಯಾಟಿಯಲ್ಲಿ ದರ ಮಾತಾಡುವುದೇ ಹಾಗೆ. ವಸ್ತ್ರದ ಅಡಿ ಬೆರಳು ಹಿಡಿಯುವುದು, ಮೂರನೆಯವನಿಗೆ ತಿಳಿಯದ ಹಾಗೆ. ಕಿವಿಯ ಅಗತ್ಯವೇ ಇಲ್ಲದ ವ್ಯಾಪಾರ.

ಮೇಲೆ ರಾಜ ಮಡದಿಯನ್ನು ನೆನೆದು ಎದೆ ಬಡಿದುಕೊಂಡು ಹಾಡುತ್ತಿದ್ದಾನೆ. ಕೆಳಗೆ ಅವನ ಕಾಲ ಬುಡದಲ್ಲೇ ಇಬ್ಬರು ವಸ್ತ್ರದೊಳಗೆ ಕೈ ಹಿಡಿದುಕೊಂಡು ಒಬ್ಬರು ತಲೆ ಅಲ್ಲಾಡಿಸುತ್ತಾರೆ, ಇನ್ನೊಬ್ಬರು ಒಲ್ಲೆ ಎಂಬಂತೆ ಕೈ ಎಳೆದುಕೊಳ್ಳುತ್ತಾರೆ, ಮತ್ತೆ ಹಿಡಿಯುತ್ತಾರೆ. ನೆಲದ ಮಂದಿಯೂ ಹಾಡು ಬಿಟ್ಟು ಕತ್ತು ಉದ್ದ ಮಾಡಿ ವಸ್ತ್ರವನ್ನೇ ನೋಡತೊಡಗಿದರು. ರಾಜ 'ಹಾ ಪ್ರಿಯೆ' ಎಂದು ಕುಸಿದು ಕೂತ ಗಳಿಗೆಗೆ ಸರಿಯಾಗಿ ಸಾವಕಾರರು ಗಹಗಹಿಸಿ ನಕ್ಕು ಪಕ್ಕದವರ ಬೆನ್ನು ತಟ್ಟಿದರು.

ರಾಜ ಅಳುವುದನ್ನು ನಿಲ್ಲಿಸಿ ಬಗ್ಗಿ ಕೇಳಿದ: "ಸಾವಕಾರ್ರ, ಸೌದಾ ಕುದುರಿತೇನ್ರಿ?"

ನನ್ನ ತೀರ್ಪು

ಮಿಸ್ತ್ರಿ ಸುಮ್ಮನೆ ಕೂಡುವವನಲ್ಲ. ಥೇಟರಿನ ಗ್ಯಾಸಬತ್ತಿಗಳೆಲ್ಲ ಅವನ ಸುಪರ್ದಿ. ತಗಡಿನ ಒಳಗೆ ಹಗಲೂ ಕತ್ತಲೆಯೇ. ಮುಂದಿನ ಆಟದಲ್ಲಿ ರಾಣಿ ಹಾಡಲು ನಿಂತಾಗಲೆಲ್ಲ ಆಕೆಯ ಮೇಲಿನ ಬತ್ತಿ ಮಂದವಾಗುತ್ತ ಹೋಯಿತು. "ಗಾಳಿ ಕಡಿಮಿ ಆಗೇತ್ರಿ, ನಾ ಏನ್ ಮಾಡ್ಲಿ?" ಎಂದ. ಕುರ್ಚಿಯವರು ಎದ್ದರು, ನೆಲದವರು ಎದ್ದರು, ರುಮಾಲು ಟೋಪಿಗಳು ಹಾರಿದವು, ಪರದೆ ಬಿತ್ತು. ನನ್ನ ಕಡೇ ಅಂಕ ಮತ್ತೆ ಹೋಯಿತು.

ಇನ್ನು ನಾನು ಸುಮ್ಮನಿರುವುದು ಧರ್ಮವಲ್ಲ ಎನಿಸಿತು. ಸಾವಕಾರರ ಹತ್ತಿ ಅಡತಿ ಅಂಗಡಿಯ ಗಾದಿಯ ಮೇಲೆ ಇಬ್ಬರನ್ನೂ ಎದುರುಬದುರು ಕೂಡಿಸಿ ತೀರ್ಪು ಕೊಟ್ಟೆ. ಒಂದು ಆಟಕ್ಕೆ ಒಂದು ಪಕ್ಷಕ್ಕೆ ಒಂದೇ ವನ್ಸ್ ಮೋರ್. ಯಾವ ಹಾಡಿಗೆ ಬೇಕಾದರೂ ಕೇಳಬಹುದು, ಆದರೆ ಒಮ್ಮೆ ಮಾತ್ರ.

"ಬರೋಬ್ಬರಿ ಐತ್ರಿ" ಅಂದರು ಸಾವಕಾರರು. "ಇನ್ಸಾಫ್ ಅಂದ್ರ ಇದು" ಅಂದ ಮಿಸ್ತ್ರಿ. ಇಷ್ಟು ಸುಲಭಕ್ಕೆ ಒಪ್ಪಿದಾಗಲೇ ನಾನು ಎಚ್ಚರಾಗಬೇಕಿತ್ತು.

ಐತವಾರ ಬಂತು. ರಾಣಿ ಮೊದಲ ಹಾಡು ಹಾಡಿದಳು. ಸಾವಕಾರರು ಬಾಯಿ ತೆರೆದರು. ಮುಂದೆ ಇದಕ್ಕಿಂತ ಛಲೋ ಹಾಡು ಇದೆಯಲ್ಲ ಎಂದು ಮುಚ್ಚಿದರು. ರಾಜ ಹಾಡಿದ. ಸಾವಕಾರರು ತಮ್ಮದನ್ನು ಖರ್ಚು ಮಾಡದೆ ತಾನೇಕೆ ಮಾಡಬೇಕೆಂದು ಮಿಸ್ತ್ರಿ ತುಟಿ ಕಚ್ಚಿ ಕೂತ. ಹಾಡಿನ ಮೇಲೆ ಹಾಡು ಹೋಯಿತು. ಕೆಮ್ಮಿದರೆ ಅದನ್ನೇ ವನ್ಸ್ ಮೋರ್ ಎಂದು ಜಮಾ ಹಿಡಿದಾರೆಂದು ಯಾರೂ ಕೆಮ್ಮಲಿಲ್ಲ. ಇಡೀ ಥೇಟರು ಸತ್ತ ಮನೆಯಂತಾಯಿತು. ನಾಟಕ ಮಾತ್ರ ಕುದುರೆಯಂತೆ ಓಡಿತು. ಬಿಸಿಲಿರುವಾಗಲೇ ರಾಣಿ ಕಾಡಿಗೆ ಹೋದಳು. ನಾನು ಗಡಿಯಾರ ನೋಡಿ, ಆಯುಷ್ಯದಲ್ಲಿ ಮೊದಲ ಸಲ ಕಾಲು ಚಾಚಿ ಕೂತೆ.

ಪರದೆ ಮೇಲೇಳಲಿಲ್ಲ. ಒಳಗಿಂದ ಅಳು ಕೇಳಿತು. "ಹುಬ್ಬಳ್ಳಿ ಮಂದಿ ನನ್ನ ಕೈಬಿಟ್ರು! ಇನ್ನ ಈ ಊರಾಗ ಬಣ್ಣಾ ಹಚ್ಚಂಗಿಲ್ಲ!" ಎಂದು ರಾಣಿ ಸೀರೆ ಬಿಚ್ಚಿ ಬೀಡಿ ಹಚ್ಚಿ ಕೂತುಬಿಟ್ಟಿದ್ದ. ಕಂಪನಿಯ ಮಾಲಕರು ಕೈಕಾಲು ಹಿಡಿದರೂ ಏಳಲಿಲ್ಲ. ಕಡೆಗೆ ಅವರೇ ಉಳಿದವರನ್ನು ಕಟ್ಟಿಕೊಂಡು ಹೊರಗೆ ಬಂದು, ಮುಖ ಸಣ್ಣ ಮಾಡಿ, ಆಟ ಮುಗಿಸುವ ಮಂಗಳ ಹಾಡಿದರು.

ಆಗ ಎರಡೂ ಪಕ್ಷಕ್ಕೆ ಒಟ್ಟಿಗೆ ಹೊಳೆಯಿತು, ತಮ್ಮ ತಮ್ಮ ವನ್ಸ್ ಮೋರ್ ಹಾಗೇ ಉಳಿದಿದೆ, ಇನ್ನು ಹಾಡೇ ಇಲ್ಲ ಎಂದು.

ಎರಡೂ ಕಡೆಯಿಂದ ಎದ್ದ ಗದ್ದಲದಲ್ಲಿ ನನಗೆ ಬಾಗಿಲು ದಾಟಲಾಗಲಿಲ್ಲ, ಗಾಡಿಯೂ ಹೋಯಿತು. ಮರುದಿನ ಮನೆ ಸೇರಿದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು: "ಕಡೀ ಅಂಕ ನೋಡಿದ್ರೇನು?"

"ಇಲ್ಲ. ಮಂಗಳಾ ಮೂರು ಸರ್ತಿ ಕೇಳಿದೆ."

ಕಡೇ ಆಟ

ಕಂಪನಿ ಗದಗಿಗೆ ಹೋಗುತ್ತದೆಂದು, ಅದಕ್ಕೆ ಮುಂಚಿನ ಕಡೇ ಆಟಕ್ಕೆ ರಾಣಿಯೂ ಸಿಟ್ಟು ಬಿಟ್ಟು ಬಣ್ಣ ಹಚ್ಚುತ್ತಾನೆಂದು ಸುದ್ದಿ ಬಂತು. ಕರೆಯದೆ ಬೀಗರ ಮನೆಗೆ ಹೋಗಬಾರದೆಂಬುದು ನನ್ನ ನಿಯಮ. ಕಡೇ ಆಟಕ್ಕಾಗಿ ಅದನ್ನೂ ಮುರಿದೆ. ಹುಬ್ಬಳ್ಳಿಯಲ್ಲಿ ಹೆಂಡತಿಯ ಸೋದರಮಾವನ ಮನೆಯಲ್ಲಿ ಇಳಿದೆವು, ಗಾಡಿಯ ಹಂಗಿಲ್ಲ. ಆಟಕ್ಕೆ ಮುಂಚೆ ನಾನು ಒಳಗೆ ಹೋಗಿ ಮಾಲಕರಿಗೆ ಹೇಳಿದೆ: "ಇವತ್ತು ಕಡೇ ಅಂಕ ಆಗಲೇಬೇಕು."

ಮಾಲಕರ ಮುಖ ಇಳಿಯಿತು. "ಕಡೀ ಅಂಕಾನ? ಅದನ್ಯಾರು ಕೇಳ್ತಾರ್ರೀ ರಾಯರ? ಅದರಾಗ ಒಂದೂ ಹಾಡಿಲ್ಲ."

"ಇಲ್ಲಿತನಕ ಎಷ್ಟು ಸಲ ಆಡೀರಿ?"

"ಈ ಊರಿಗೆ ಬಂದಾಗಿಂದ ಆಡೇ ಇಲ್ರಿ. ವನ್ಸ್ ಮೋರ್ ಮುಗಿಯೂದ್ರಾಗ ಮಂದಿ ಎದ್ದ ಬಿಡ್ತಾರ, ನಾವು ಮಂಗಳಾ ಹಾಡಿ ಬಿಡ್ತೇವಿ. ನಮ್ಮ ರಾಣಿಗೆ ಆ ಅಂಕದ ಮಾತು ಕಲಿಸೇ ಇಲ್ರಿ."

ಇಷ್ಟು ತಿಂಗಳು, ಇಷ್ಟು ಗಾಡಿ, ಇಷ್ಟು ಸಂಶಯ ಹೊತ್ತು ನಾನು ಕಾದದ್ದು ಇಲ್ಲದ ಅಂಕಕ್ಕೆ! "ಅರ್ಧಾ ನಾಟಕಕ್ಕೆ ಪೂರ್ತಿ ನಾಟಕದ ಟಿಕೀಟು ಹರಿದೀರಿ. ಇದಕ್ಕೆ ಕಾನೂನಿನಲ್ಲಿ ಏನಂತಾರೆ ಗೊತ್ತೇನು?" ಎಂದು ಗದರಿದೆ. ಮಾಲಕರು ಕೈ ಮುಗಿದರು. "ಆಗ್ಲಿ ಬಿಡ್ರಿ, ಆಡ್ತೇವಿ. ನಾನ ಸೈಡಿನಾಗ ನಿಂತು ಮಾತು ಹೇಳಿಕೊಡ್ತೇನಿ."

ಹಾಡುಗಳೆಲ್ಲ ಮುಗಿದವು. ಸಾವಕಾರರು ವಸ್ತ್ರ ಕೊಡವಿ ಎದ್ದರು, ಮಿಸ್ತ್ರಿಯೂ ಎದ್ದ. ಮಂಗಳದ ಬದಲು ಪರದೆ ಮತ್ತೆ ಮೇಲೆ ಹೋಯಿತು. ಕಾಡು, ಪರ್ಣಕುಟಿ, ಹೊಸ ಪರದೆ! ಎದ್ದವರೆಲ್ಲ ಹಾಗೇ ಕೂತರು.

ರಾಜ ಬಂದು ಮೊಳಕಾಲೂರಿದ. "ದೇವಿ, ನಾನು ಪಾಪಿ. ನನ್ನನ್ನು ಕ್ಷಮಿಸುವೆಯಾ?"

ರಾಣಿಯ ಪಾರ್ಟಿನವ ಗಾಬರಿಯಲ್ಲಿ ಮಾಲಕರಿದ್ದ ಬದಿ ಬಿಟ್ಟು ಎದುರು ಬದಿಗೆ ಹೋಗಿ ನಿಂತಿದ್ದ. ಮಾಲಕರು ಅಲ್ಲಿಂದ ಕೈ ಬೀಸಿದರು, ಬಾಯಿ ಬಡಿದರು, ಒಂದೂ ತಲುಪಲಿಲ್ಲ. ಸಾವಕಾರರು ಕುರ್ಚಿಯ ಅಂಚಿಗೆ ಬಂದಿದ್ದರು. ಮಿಸ್ತ್ರಿಯ ಬಾಯಿ ತೆರೆದೇ ಇತ್ತು. ರಾಜ ಮತ್ತೆ ಕೇಳಿದ: "ಕ್ಷಮಿಸುವೆಯಾ?" ರಾಣಿ ಕಣ್ಣು ಕಣ್ಣು ಬಿಡುತ್ತ ಕೆಳಗೆ ನೋಡಿದಳು. ಆ ಬದಿಗೇ ಹೆಂಗಸರು ಕೂಡುವ ಜಾಗ.

ಅಲ್ಲಿಂದ ನನಗೆ ಬಹಳ ಪರಿಚಯದ ಧ್ವನಿಯೊಂದು ಎದ್ದಿತು: "ಮಾಡಬ್ಯಾಡವಾ! ಕ್ಷಮಾ ಮಾಡಬ್ಯಾಡ!"

ನನ್ನ ಕೈಯಿಂದ ಟೋಪಿ ಬಿತ್ತು. ಹೆಂಗಸರೆಲ್ಲ ಒಂದೇ ಕೊರಳಾದರು: "ಮಾಡಬ್ಯಾಡ! ಹೋಗ ನಡೀ!" ಯಾರಾದರೊಬ್ಬರು ಮಾತು ಹೇಳಿಕೊಟ್ಟರಲ್ಲ ಎಂದು ರಾಣಿಗೆ ಹೋದ ಜೀವ ಬಂತು. "ಕ್ಷಮಿಸಲಾರೆ!" ಎಂದು ಗುಡುಗಿ, ಸೆರಗು ಝಾಡಿಸಿ, ಗಟ್ಟಿ ಹೆಜ್ಜೆ ಹಾಕಿ ಒಳಗೆ ನಡೆದುಬಿಟ್ಟಳು. ರಾಜ ಒಬ್ಬನೇ ಮೊಳಕಾಲ ಮೇಲೆ ಉಳಿದ.

"ಭಲೇ ನಮ್ಮವ್ವಾ!" ಎಂದು ಸಾವಕಾರರು ರುಮಾಲು ತೂರಿದರು. ಮಿಸ್ತ್ರಿ ಎದ್ದ. ಇನ್ನು ತಲೆ ಒಡೆಯುತ್ತವೆ ಎಂದುಕೊಂಡೆ. ಅವನು ಕಣ್ಣೊರೆಸಿಕೊಂಡ. "ಬರೋಬ್ಬರಿ ಆತ್ರಿ. ನಮ್ಮ ರಾಜಾ ತಪ್ಪ ಮಾಡಿದ್ದ." ಅಷ್ಟು ತಿಂಗಳಲ್ಲಿ ಮೊದಲ ಸಲ ಎರಡೂ ಪಕ್ಷ ಕೂಡಿ ಕೂಗಿದವು: "ವನ್ಸ್ ಮೋರ್!"

ರಾಣಿ ಮತ್ತೆ ಬಂದಳು. ರಾಜ ಮತ್ತೆ ಬೇಡಿದ. ಆಕೆ ಮತ್ತೆ ಝಾಡಿಸಿ ಹೋದಳು. ಮತ್ತೆ ವನ್ಸ್ ಮೋರ್. "ಇನ್ನ ಮೊಳಕಾಲು ಮಡಚಂಗಿಲ್ರೋ ಯಪ್ಪಾ!" ಎಂದು ರಾಜ ಅತ್ತ ಮೇಲೆಯೇ ಪರದೆ ಬಿದ್ದದ್ದು.

ಮಾಲಕರನ್ನು ಹುಡುಕಿ ಹೋಗಿ ಕೇಳಿದೆ: "ಖರೇ ಬರದದ್ದೇನು?"

"ಕ್ಷಮಿಸ್ತಾಳಂತನ ಬರದಾರ್ರಿ. ಆದ್ರ ಗದಗಿನಾಗ ಹಿಂಗ ಆಡ್ತೇವಿ."

ಮರುದಿನ ಗಾಡಿ ಹತ್ತಿದೆವು. ಧಾರವಾಡದಲ್ಲಿ ಇಳಿದ ಮೇಲೆ ಅಂದೆ: "ವಕೀಲರ ಮನೆಯವರು ನಾಲ್ಕು ಮಂದಿಯೊಳಗೆ ಹಾಗೆ ಕೂಗುವುದು ಶೋಭಿಸುತ್ತದೇನು?"

ಆಕೆ ತಲೆ ತಗ್ಗಿಸಿ ಮೆಲ್ಲಗೆ ಅಂದಳು: "ತಪ್ಪಾತ್ರಿ. ನಿಮ್ಮ ಮ್ಯಾಲೆ ಸಂಶಯ ಪಟ್ಟದ್ದೂ ತಪ್ಪಾತು."

ಮದುವೆಯಾದಾಗಿನಿಂದ ಆಕೆಯ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಪ್ಲಾಟಫಾರ್ಮಿನ ಮೇಲೆಯೇ ನಿಂತುಬಿಟ್ಟೆ. "ಏನಂದಿ? ಇನ್ನೊಮ್ಮೆ ಅನ್ನು."

ಆಕೆ ಗಂಟು ಬಗಲಿಗೇರಿಸಿ, ಸೆರಗು ಝಾಡಿಸಿ, ಮುಂದೆ ನಡೆದಳು.

"ವನ್ಸ್ ಮೋರ್ ಇಲ್ರಿ."