ಅದೇ ಎಂಜಿನ್, ಮಾವ

ಭಾನುವಾರ ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ಕೀಲಿ ತಿರುಗಿಸಿದ್ದೇ ತಡ, ಅವರ ಹಳೇ ಜೀಪು ನಲವತ್ತು ವರ್ಷ ಸಿಗರೇಟು ಸೇದಿದವರಂತೆ ಕೆಮ್ಮಿತು. ಎದುರು ಮನೆಯ ತಂತಿಯ ಮೇಲೆ ಒಣಗುತ್ತಿದ್ದ ಮೂರು ಬಿಳಿ ಹೊದಿಕೆಗಳಿಗೆ ಕಪ್ಪು ಹೊಗೆ ಬಳಿದು ನಿಂತಿತು. ಆ ಮನೆಯಾಕೆ ಬೇರೆ ಯಾರೂ ಅಲ್ಲ, ಮೇಷ್ಟ್ರ ಶಾಲೆಯ ಹೆಡ್‌ಮಿಸ್ಸೇ. ಒಂದು ಹೊದಿಕೆಯನ್ನು ಬಾವುಟದಂತೆ ಹಿಡಿದು ಗೇಟಿಗೆ ಬಂದರು.

"ಮೇಷ್ಟ್ರೇ, ಮಕ್ಕಳ ಕಾಗದಕ್ಕೆ ಬಣ್ಣ ಹಚ್ಚಿದ್ದು ಸಾಲ್ದು ಅಂತ ನಮ್ಮನೆ ಬಟ್ಟೆಗೂ ಶುರು ಮಾಡಿದ್ರಾ?"

ಮೇಷ್ಟ್ರ ಕಿವಿ ಕೆಂಪಾದವು. ಎಲ್ಲಿ ನೋಡಬೇಕೆಂದು ತೋಚದೆ ಸ್ಟೀರಿಂಗನ್ನೇ ನೋಡುತ್ತ ಕೂತರು.

"ಅಪ್ಪನಿಗೊಂದು ಫೋನ್ ಮಾಡಿ ಕೇಳ್ರೀ," ಕಿಟಕಿಯಿಂದ ಹೆಂಡತಿ ಕೂಗಿದಳು. "ಅವರಿಗೆ ಅದರ ನಾಡಿ ಗೊತ್ತು."

ಮಾವ ಬೆಟ್ಟಗಳ ಸರ್ವೆ ಕೆಲಸದಿಂದ ನಿವೃತ್ತರಾದಾಗ, "ಜೋಪಾನ, ಇವಳು ನನ್ನ ಎರಡನೇ ಮಗಳು," ಎಂದು ಜೀಪನ್ನು ಅಳಿಯನ ಕೈಗಿತ್ತಿದ್ದರು. ಆ ಮಗಳನ್ನು ಆರೇ ವರ್ಷಕ್ಕೆ ಹೀಗೆ ಕೆಮ್ಮಿಸಿಟ್ಟಿದ್ದೇನೆ ಎಂದು ಹೇಳುವುದಕ್ಕಿಂತ ಬಾವಿಗೆ ಹಾರುವುದೇ ವಾಸಿ ಎನ್ನಿಸಿತು ಮೇಷ್ಟ್ರಿಗೆ.

ಅಷ್ಟರಲ್ಲಿ ಬಲಗಡೆ ಮನೆಯ ಕಾಂಪೌಂಡರ್ ಸ್ಟೆತೊಸ್ಕೋಪ್ ಸಮೇತ ಹಾಜರಾದರು. ಬಾನೆಟ್ಟಿನ ಮೇಲೆ ಮೂರು ಕಡೆ ಇಟ್ಟು ಆಲಿಸಿ ನಿಟ್ಟುಸಿರು ಬಿಟ್ಟರು. "ಎಂಜಿನ್ ಸವೆದುಹೋಗಿದೆ. ಬೇರೇದೇ ಹಾಕ್ಬೇಕು."

"ಹೊಸದಕ್ಕೆ ನಿಮ್ಮ ಆರು ತಿಂಗಳ ಸಂಬಳ ಬೇಕು," ಎಂದರು ಎಡಗಡೆ ಮನೆಯ ಟೈಲರ್, ಕೊರಳಲ್ಲಿ ಅಳತೆ ಟೇಪು ತೂಗಿಸಿಕೊಂಡು. "ಗುಜರಿಯವನು ನನ್ನ ಗಿರಾಕಿ. ಹಳೇದು ಕೊಟ್ಟು ಮೇಲೆ ಒಂದಿಷ್ಟು ಹಾಕಿದ್ರೆ, ಓಡೋ ಎಂಜಿನ್ ಒಂದು ಕೊಡ್ತಾನೆ. ಇವತ್ತೇ ಮುಗಿಸ್ಬಿಡೋಣ!"

ಕನ್ನಡಕ ಬದಲಿಸಲೆಂದು ಮೇಷ್ಟ್ರು ತೆಗೆದಿಟ್ಟಿದ್ದ ದುಡ್ಡು ಸರಿಯಾಗಿ ಅದಕ್ಕಾಗುವಷ್ಟೇ ಇತ್ತು.

ಹತ್ತು ಗಂಟೆಗೆ ಮೆಕ್ಯಾನಿಕ್ ಬಂದ. ಅವನ ಹಿಂದೆಯೇ ಗುಜರಿಯವನ ತಳ್ಳುಗಾಡಿಯಲ್ಲಿ, ಮೈತುಂಬ ಬೂದುಬಣ್ಣ ಬಳಿಸಿಕೊಂಡು, ಎಂಜಿನ್ ಬಂತು. ಗೇಟಿನ ಕಬ್ಬಿಣದ ಕಮಾನಿಗೆ ಸರಪಳಿ ಕಟ್ಟಿ, ಹಳೆಯದನ್ನು ಎಲ್ಲರೂ ಸೇರಿ ಎಳೆದು ಮೇಲೆತ್ತಿದರು. ಅದು ಎದೆಮಟ್ಟಕ್ಕೆ ಏರುವ ಹೊತ್ತಿಗೆ ಹೆಂಡತಿ ಫೋನ್ ಹಿಡಿದು ಓಡಿಬಂದಳು.

"ಅಪ್ಪ ಮಧ್ಯಾಹ್ನದ ಬಸ್ಸಿಗೆ ಬರ್ತಿದ್ದಾರಂತೆ!"

"ಅಯ್ಯಯ್ಯೋ!" ಎಂದು ಕಾಂಪೌಂಡರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ಅವರು ಬಿಟ್ಟ ಸರಪಳಿ ಸರ್ರನೆ ಜಾರಿತು. ಎಂಜಿನ್ ತೂಗಾಡಿ ಹೂಕುಂಡಗಳನ್ನು ಸಾಲಾಗಿ ಕೆಡವಿತು. ಟೈಲರ ಟೇಪು ಸರಪಳಿಗೆ ಸಿಕ್ಕು, ಅವರು ತುದಿಗಾಲಲ್ಲಿ ನಿಂತು ಕಣ್ಣುಕಣ್ಣು ಬಿಟ್ಟರು. ಕೊನೆಗೆ ಅವರದೇ ಕತ್ತರಿಯಿಂದ ಮೆಕ್ಯಾನಿಕ್ ಟೇಪನ್ನು ಕತ್ತರಿಸಿ ಬಿಡಿಸಿದ. ಬೀದಿಗೆ ಬೀದಿಯೇ ನಿಂತು ನೋಡುತ್ತಿತ್ತು. ಮೇಷ್ಟ್ರು ಕುಂಡದ ಚೂರುಗಳನ್ನು ಆರಿಸುವ ನೆಪದಲ್ಲಿ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

ಮಾವ ಬಂದಾಗ ಹಳೇ ಎಂಜಿನ್ ಗುಜರಿಗೆ ಹೊರಟುಹೋಗಿತ್ತು. ಹೊಸದಾಗಿ ಬಂದದ್ದಕ್ಕೆ ಇನ್ನೂ ನಟ್ಟು ಬಿಗಿಯಬೇಕಿತ್ತು. ಮೇಷ್ಟ್ರು ಕೈಮುಗಿದು ಬೇಡಿಕೊಂಡಿದ್ದರಿಂದ ಹೆಂಡತಿ ಅಪ್ಪನನ್ನು ಹಿತ್ತಿಲ ಬಾಗಿಲಿಂದ ಕರೆದು, ಒಳಗೆ ಕೂರಿಸಿ, ಕಾಫಿ ಕೊಟ್ಟಳು. ಮತ್ತೆ ಕಾಫಿ ಕೊಟ್ಟಳು. ನಾಲ್ಕನೇ ಲೋಟ ಕಂಡದ್ದೇ ಮಾವ ಚೀಲ ಎತ್ತಿಕೊಂಡು ಹೊರಗೇ ಬಂದುಬಿಟ್ಟರು.

ಆಗಷ್ಟೇ ಬಾನೆಟ್ ಮುಚ್ಚಿತ್ತು. ಅದರ ಮುಂದೆ ನೆರೆಹೊರೆಯವರೆಲ್ಲ ಗ್ರೂಪ್ ಫೋಟೋಗೆ ನಿಂತವರಂತೆ ನಿಂತಿದ್ದರು. ಮೊಣಕೈವರೆಗೆ ಆಯಿಲ್ ಮೆತ್ತಿಕೊಂಡ ಮೇಷ್ಟ್ರು ಹಲ್ಲುಕಿರಿದರು.

"ಏನಪ್ಪಾ ಇದೆಲ್ಲ?"

"ಏನಿಲ್ಲ ಮಾವ. ಸ್ವಲ್ಪ ಒರೆಸ್ತಿದ್ದೆ."

"ಎಂಜಿನ್?"

"ಅದೇ ಎಂಜಿನ್, ಮಾವ. ನಿಮ್ಮ ಕೈಯಲ್ಲಿದ್ದದ್ದೇ. ಒಂದು ನಟ್ಟೂ ಮುಟ್ಟಿಲ್ಲ."

ಕಾಂಪೌಂಡರೂ ಟೈಲರೂ ಒಟ್ಟಿಗೆ ತಲೆಯಾಡಿಸಿದರು. ಮಾವ ಬಾನೆಟ್ ಎತ್ತಿದರು. ಬಗ್ಗಿ, ಕರವಸ್ತ್ರದಿಂದ ಒಂದು ಮೂಲೆಯನ್ನು ಉಜ್ಜಿದರು. ಬೂದುಬಣ್ಣ ಹೋಗಿ ಅಡ್ಡಾದಿಡ್ಡಿ ಬೆಸುಗೆಯೊಂದು ಕಾಣಿಸಿತು.

"ನಿಜ. ಇದು ನನ್ನದೇ," ಎಂದರು ಮೆಲ್ಲಗೆ. "ಬಂಡೆಗೆ ಬಡಿದು ಬಿರುಕು ಬಿಟ್ಟಾಗ ನಾನೇ ಬೆಸೆದದ್ದು. ಆಮೇಲೆ ಪೂರ್ತಿ ಸವೆದುಹೋಯ್ತು. ನಿನಗೆ ಗಾಡಿ ಕೊಡೋ ಮೊದಲು ಇದನ್ನ ಕಿತ್ತು ಇದೇ ಊರಿನ ಗುಜರಿಗೆ ಹಾಕಿ, ಹೊಚ್ಚ ಹೊಸ ಎಂಜಿನ್ ಕೂರಿಸಿದ್ದೆ. ಅದೆಲ್ಲಿ?"

ಮೆಕ್ಯಾನಿಕ್ ಸ್ಪ್ಯಾನರುಗಳನ್ನು ಬಾಚಿಕೊಂಡು ಸದ್ದಿಲ್ಲದೆ ಮಾಯವಾದ.

ಮಾವ ಚೀಲದಿಂದ ಅಂಗೈಯಗಲದ ರಟ್ಟಿನ ಡಬ್ಬಿಯೊಂದನ್ನು ತೆಗೆದರು. "ಕಪ್ಪು ಹೊಗೆ ಬರ್ತಿದೆ ಅಂತ ಹೋದ ವಾರ ಮಗಳು ಹೇಳಿದ್ಳು. ಏರ್ ಫಿಲ್ಟರಿಗೆ ಧೂಳು ಕಟ್ಟಿರತ್ತೆ, ಬದಲಾಯಿಸಿದ್ರೆ ಸಾಕು ಅಂತ ತಂದೆ. ಎರಡು ನಿಮಿಷದ ಕೆಲಸ."

ಟೈಲರ್ ತುಂಡಾದ ಟೇಪನ್ನು ಜೇಬಿಗೆ ತುರುಕಿಕೊಂಡರು.

"ನಡಿ, ಗುಜರಿ ಮುಚ್ಚೋದ್ರೊಳಗೆ ಹೋಗಿ ಕೇಳೋಣ," ಎಂದು ಮಾವ ಏರಿ ಕೂತು ಕೀಲಿ ತಿರುಗಿಸಿದರು. ಎಂಜಿನ್ ಒಮ್ಮೆ ಟಕ್ ಎಂದು ಸುಮ್ಮನಾಯಿತು. ಕಾಂಪೌಂಡರೂ ಟೈಲರೂ ಅಂಗಿಯ ತೋಳು ಮಡಚಿಕೊಂಡು ತಳ್ಳಲು ಮುಂದೆ ಬಂದರು.

"ಬೇಡ, ದಯವಿಟ್ಟು ಬೇಡ. ನಾನೇ ತಳ್ತೀನಿ," ಎಂದರು ಮೇಷ್ಟ್ರು.

ಜೀಪಿನ ಹಿಂದೆ ಹೋಗಿ ಭುಜ ಕೊಟ್ಟು, ತಲೆ ತಗ್ಗಿಸಿದರು. ಅಲ್ಲಿಂದ ಗುಜರಿ ಅಂಗಡಿ ಎರಡು ಮೈಲಿ ದೂರ. ತಳ್ಳುವವನ ಮುಖ ಮಾವನಿಗೆ ಕಾಣುವುದಿಲ್ಲ ಎನ್ನುವುದೊಂದೇ ಸಮಾಧಾನವಾಗಿ, ಜೀಪು ಎಲ್ಲಿ ಸ್ಟಾರ್ಟ್ ಆಗಿ ಮಾವನ ಪಕ್ಕ ಕೂರಬೇಕಾಗುತ್ತದೋ ಎಂದು ಹೆದರುತ್ತಲೇ ಅವರು ತಳ್ಳತೊಡಗಿದರು.