ಕೈ ಹಿಡಿಯದ ಉಪ್ಪಿನ ದೊರೆಗೆ ಒಂದು ದೂರು

ಮಾನ್ಯ ಶಿರಾನೆ ಪ್ರಭುಗಳೇ,

ಪ್ಲಮ್ ಹಣ್ಣಾಗುವ ಕಾಲದ ಜಡಿಮಳೆ ಇನ್ನೂ ಹೊರಡುವ ಮನಸ್ಸು ಮಾಡದ ಈ ದಿನಗಳಲ್ಲಿ, ಅಡಿಯಿಂದ ಮುಡಿಯವರೆಗೆ ಬರೀ ಉಪ್ಪಿನಿಂದಲೇ ಆಗಿರುವ ತಮ್ಮ ದೇಹಸ್ಥಿತಿ ಹೇಗಿದೆಯೋ ಎಂಬ ಕಳವಳದಿಂದ ಈ ಪತ್ರ ಆರಂಭಿಸುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಉಪ್ಪಿನ ಡಬ್ಬಿಗೆ ಥಂಡಿ ತಗುಲಬಾರದೆಂದು ಒಂದು ಚಿಟಿಕೆ ಹುರಿದ ಅಕ್ಕಿ ಹಾಕಿಡುವುದುಂಟು. ತಾವೂ ನಿಲುವಂಗಿಯ ಒಳಜೇಬಿನಲ್ಲಿ ಒಂದು ಹಿಡಿ ಇಟ್ಟುಕೊಳ್ಳಬೇಕೆಂದು ಮೊದಲಿಗೇ ಬಿನ್ನವಿಸುತ್ತೇನೆ.

ಇನ್ನು ಲೆಕ್ಕ. ತಮ್ಮ ಕತೆ ಪ್ರಕಟವಾಗುವ ಮಾಂಗಾ ಚಿತ್ರಕತೆ ಮಾಸಿಕದ ಏಪ್ರಿಲ್ ಸಂಚಿಕೆ, ನಲವತ್ತಮೂರು ಪ್ರತಿ, ತಲಾ ಆರುನೂರ ಇಪ್ಪತ್ತು ಯೆನ್. ಅದರೊಳಗಿನ ಅಭಿಪ್ರಾಯದ ಅಂಚೆಕಾರ್ಡುಗಳಿಗೆ ಹಚ್ಚಿದ ಸ್ಟಾಂಪು, ಅದೂ ನಲವತ್ತಮೂರು, ತಲಾ ಎಂಬತ್ತೈದು. ಪಕ್ಕದ ಎರಡು ಊರುಗಳ ಪುಸ್ತಕದಂಗಡಿಗಳನ್ನು ಬರಿದು ಮಾಡಲು ಓಡಾಡಿದ ಬಸ್ಸಿನ ಖರ್ಚು ಸಾವಿರದ ನಾನೂರ ಎಂಬತ್ತು. ಒಟ್ಟು ಮೂವತ್ತೊಂದು ಸಾವಿರದ ಏಳುನೂರ ತೊಂಬತ್ತೈದು ಯೆನ್. ಇದಲ್ಲದೆ ತಮ್ಮ ಒಂಬತ್ತನೆಯ ಸಂಪುಟದ ಬೆಳದಿಂಗಳ ಪುಟದಲ್ಲಿ ನಮ್ಮ ಅಂಗಡಿಯ ಹುಡುಗಿ ಮೈಮರೆತದ್ದರಿಂದ ಇಪ್ಪತ್ತು ನಿಮಿಷ ಜಾಸ್ತಿ ಬೆಂದುಹೋದ ಎಂಬತ್ತೊಂದು ವರ್ಷದ ತಮಾನೊ ಅಜ್ಜಿಯ ಗುಂಗುರುಗೂದಲು ಒಂದು. ತಮ್ಮಂತೆಯೇ ಎಡಗಣ್ಣಿನ ಮೇಲೆ ಕೂದಲು ಇಳಿಬಿಡಿಸಿಕೊಂಡು ಹೋದ ಮೀನಿನಂಗಡಿಯವರ ಕೊಯ್ದುಹೋದ ಹೆಬ್ಬೆರಳು ಒಂದು. ಕೊನೆಯದಾಗಿ, ಒಬ್ಬ ಹೆಣ್ಣುಮಗಳ ಮೂರು ವರ್ಷ. ಇದನ್ನು ಯಾವ ಕಲಮಿನಲ್ಲಿ ಬರೆಯಬೇಕೋ ತಿಳಿಯದೆ ಈ ಪತ್ರ ಬರೆಯಬೇಕಾಯಿತು.

ನನ್ನ ಪರಿಚಯ ಹೇಳಿಕೊಳ್ಳುವುದು ಕ್ರಮ. ಸೆತೊ ಒಳಗಡಲ ದಂಡೆಯ ಈ ಸಣ್ಣ ಊರಿನ ಅಂಗಡಿಬೀದಿಯಲ್ಲಿ ನಾನು, ಇಸೊಯೆ ಕುರಾಮೊಚಿ, ಮೂವತ್ತೊಂಬತ್ತು ವರ್ಷಗಳಿಂದ ಹೆಂಗಸರ ಕೂದಲು ಕತ್ತರಿಸಿ, ಸುರುಳಿ ಮಾಡಿ, ಬಣ್ಣ ಹಚ್ಚಿ ಬದುಕುತ್ತಿದ್ದೇನೆ. ಒಂದು ಕುರ್ಚಿಯಿಂದ ಶುರು ಮಾಡಿದವಳು, ಈಗ ಮೂರು ಕುರ್ಚಿ. ಕುರ್ಚಿಗಳ ಪಕ್ಕದ ಕಪಾಟಿನಲ್ಲಿ ತಾವಿದ್ದೀರಿ: ಐದು ವರ್ಷ, ಹನ್ನೊಂದು ಸಂಪುಟ, ಮತ್ತು ಪ್ರತಿ ತಿಂಗಳ ಹೊಸ ಸಂಚಿಕೆ. ತಮಗೆ ವಯಸ್ಸು ಮುನ್ನೂರ ಹನ್ನೆರಡು, ನೋಡಲು ಇಪ್ಪತ್ತಮೂರು. ತಾವು ಮುತ್ತು ಹೆಕ್ಕುವ ಮುಳುಗುಗಾತಿ ಶಿಜುಕುವನ್ನು ಪ್ರೀತಿಸುತ್ತೀರಿ. ಆಕೆ ಹಗಲೆಲ್ಲ ಕಡಲಲ್ಲಿರುವವಳಾದ್ದರಿಂದ ಸದಾ ಒದ್ದೆ. ಮುಟ್ಟಿದರೆ ತಾವು ಕರಗಿಹೋಗುತ್ತೀರಿ. ಹೀಗಾಗಿ ಹನ್ನೊಂದು ಸಂಪುಟಗಳಲ್ಲಿ ತಾವು ಆಕೆಯ ಕೈಯನ್ನು ಒಂದೇ ಒಂದು ಸಲ ಕೂಡ ಹಿಡಿದಿಲ್ಲ. ಆಕೆ ಒಂದು ಟವೆಲಿನಿಂದ ಕೈ ಒರೆಸಿಕೊಂಡರೆ ಮುಗಿಯುವ ವಿಷಯವಿದು ಎಂದು ಇಷ್ಟು ವರ್ಷಗಳಲ್ಲಿ ಅರಮನೆಯ ನಾನೂರು ಸೇವಕರಲ್ಲಿ ಒಬ್ಬರಿಗೂ ಹೊಳೆಯದಿರುವುದು ತಮ್ಮ ಆಡಳಿತದ ಶಿಸ್ತಿಗೆ ಸಾಕ್ಷಿ. ನನ್ನ ಅಂಗಡಿಯಲ್ಲಿ ದಿನಕ್ಕೆ ಅರವತ್ತು ಟವೆಲು ಒಗೆಯುತ್ತೇವೆ. ಒಂದನ್ನು ಕಳಿಸಿಕೊಡಬಲ್ಲೆ.

ಆದರೂ ತಮ್ಮ ಸಂಯಮವನ್ನು ಹೊಗಳದೆ ಇರಲಾರೆ. ನಮ್ಮ ಬೀದಿಯ ಹೆಂಗಸರು ತಮ್ಮನ್ನು ಕಂಡು ಅತ್ತಷ್ಟು ತಂತಮ್ಮ ಗಂಡಂದಿರ ಕಾಯಿಲೆಗಳಲ್ಲೂ ಅತ್ತಿಲ್ಲ. ಅಕ್ಕಿಯಂಗಡಿಯಾಕೆ ತಮ್ಮ ಜನ್ಮದಿನಕ್ಕೆ ಕೇಕು ತಂದು ತಮ್ಮ ಚಿತ್ರದ ಮುಂದಿಟ್ಟು ಮೇಣದಬತ್ತಿ ಹಚ್ಚುತ್ತಾಳೆ, ಗಂಡನ ಜನ್ಮದಿನ ಯಾವತ್ತೆಂದು ಕೇಳಿದರೆ ಬೆರಳು ಮಡಿಸಿ ಎಣಿಸುತ್ತಾಳೆ. ವೃತ್ತಿಯವಳಾಗಿ ನನ್ನದೊಂದೇ ತಕರಾರು. ಐದು ವರ್ಷದಿಂದ ತಾವು ಕೂದಲು ಕತ್ತರಿಸಿಕೊಂಡಿಲ್ಲ. ಗಾಳಿಯಿಲ್ಲದ ನೆಲಮಾಳಿಗೆಯಲ್ಲೂ ಅದು ಹಾರುತ್ತಿರುತ್ತದೆ. ದಯವಿಟ್ಟು ಒಮ್ಮೆ ಬನ್ನಿ. ತಲೆ ತೊಳೆಯದೆ, ಒಣಗೂದಲನ್ನೇ ಕತ್ತರಿಸಿ ಕಳಿಸುತ್ತೇನೆ.

ಈಗ ನಿಜವಾದ ದೂರಿಗೆ ಬರುತ್ತೇನೆ. ನನ್ನ ಅಂಗಡಿಯಲ್ಲಿ ಚಿನಾಮಿ ಎಂಬ ಹುಡುಗಿ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಾಳೆ. ಹುಡುಗಿ ಅನ್ನುವುದು ನನ್ನ ರೂಢಿ, ವಯಸ್ಸು ಮೂವತ್ತನಾಲ್ಕು. ಎರಡು ಗಲ್ಲಿ ಆಚೆ ತೋಫು ಅಂಗಡಿಯ ಮೊರಿಹಿಕೊ ಇದ್ದಾನೆ, ಮೂವತ್ತೆಂಟು, ಒಂಟಿ, ಸೋಯಾ ಹಾಲು ಹೆಪ್ಪುಗಟ್ಟಿಸಿದ ಮೆತ್ತನೆಯ ತೋಫುವನ್ನು ನೀರಿನ ತೊಟ್ಟಿಯಲ್ಲಿಟ್ಟು ಮಾರುವುದರಿಂದ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಮೊಣಕೈವರೆಗೂ ತಣ್ಣೀರಿನಲ್ಲಿರುವವನು. ಮಂಗಳವಾರ ಮತ್ತು ಶುಕ್ರವಾರ ನಮಗೆ ತೋಫು ತಂದುಕೊಡುತ್ತಾನೆ. ತಂದವನು ಬಾಗಿಲಲ್ಲೇ ನಿಂತು, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿ ಒರೆಸಿ, ತಮ್ಮ ಕತೆಯ ಹೊಸ ಕಂತು ಓದುತ್ತಾನೆ. ಅವನು ಪುಟ ತಿರುಗಿಸುವಾಗ ಚಿನಾಮಿ ಅವನನ್ನು ನೋಡುತ್ತಾಳೆ. ಅವಳು ನೆಲ ಗುಡಿಸುವಾಗ ಅವನು ಅವಳನ್ನು ನೋಡುತ್ತಾನೆ. ಒಬ್ಬರು ನೋಡುವಾಗ ಇನ್ನೊಬ್ಬರು ನೋಡದಂತೆ ಇಬ್ಬರೂ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಸರದಿಯನ್ನು ನಮ್ಮ ರೈಲುಗಳೂ ಕಲಿಯಬೇಕು. ಅವಳು ಅವನನ್ನು ಕರೆಯುವುದು "ತೋಫು ಅಂಗಡಿಯವ್ರೇ" ಎಂದು, ಅವನು ಅವಳನ್ನು ಕರೆಯುವುದೇ ಇಲ್ಲ.

ಮೂರು ವರ್ಷದ ಹಿಂದೆ, ಅಂಗಡಿಬೀದಿಯ ಹೊಸವರ್ಷದ ಊಟದಲ್ಲಿ, ಎರಡು ಬಟ್ಟಲು ಸಾಕೆ ಮದ್ಯ ಇಳಿಸಿದ್ದ ತಮಾನೊ ಅಜ್ಜಿ ಎಲ್ಲರೆದುರು ಅವನನ್ನು ಕೇಳಿಯೇಬಿಟ್ಟರು, ಚಿನಾಮಿಯ ಕೈ ಯಾವಾಗ ಕೇಳುತ್ತೀಯಪ್ಪ ಎಂದು. ಅವನ ಮುಖ ಉಪ್ಪಿನಲ್ಲಿ ಹಾಕಿದ ಪ್ಲಮ್ಮಿನ ಹಾಗೆ ಕೆಂಪಾಯಿತು. ಚಾಪೆಯನ್ನೇ ನೋಡುತ್ತ ಹೇಳಿದ:

"ಆ ಉಪ್ಪಿನ ದೊರೆ ಶಿಜುಕು ಕೈ ಹಿಡೀಲಿ ಅಜ್ಜಿ, ಅವತ್ತೇ ನಾನೂ ಕೇಳ್ತೀನಿ."

ಎಲ್ಲರೂ ನಕ್ಕರು. ಚಿನಾಮಿ ನಗಲಿಲ್ಲ. ಹುಡುಗ ತಮಾಷೆಗೆ ಅಂದಿರಬಹುದು, ಆದರೆ ಮಾತು ಆಡಿದ್ದು ಇಡೀ ಬೀದಿಯ ಮುಂದೆ, ಅದೂ ಹೊಸವರ್ಷದ ದಿನ. ಇಲ್ಲಿ ಅಂಥ ಮಾತು ಪುರಸಭೆಯ ಮೊಹರು ಬಿದ್ದ ಕಾಗದಕ್ಕೆ ಸಮ. ಅಂದಿನಿಂದ, ಪ್ರಭುಗಳೇ, ತಾವು ಆ ಬಂಡೆಯ ಮೇಲೆ ಒಂಟಿಯಾಗಿ ನಿಂತು ಕಡಲು ನೋಡಿದ ಒಂದೊಂದು ಪುಟವನ್ನೂ ನಮ್ಮ ಚಿನಾಮಿ ಬೇರೆಯೇ ಕಣ್ಣಿನಿಂದ ಓದುತ್ತಿದ್ದಳು. ತಾವು ಕಡಲು ನೋಡಿದ ಪುಟಗಳು ನೂರ ಆರು. ನಾನು ಎಣಿಸಿದ್ದೇನೆ.

ಹೀಗಿರುವಾಗ ಈ ಏಪ್ರಿಲ್ ಸಂಚಿಕೆಯಲ್ಲಿ ತಮ್ಮ ಕಂತಿನ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬಂತು: ಈ ಕತೆ ಇನ್ನೆರಡು ಕಂತಿನಲ್ಲಿ ಮುಗಿಯುತ್ತದೆ. ಅಂಗಡಿಯಲ್ಲಿ ಹೇರ್ ಡ್ರೈಯರುಗಳೆಲ್ಲ ಒಟ್ಟಿಗೆ ನಿಂತವು. ಕಾರಣ ಗೊತ್ತಾಗಲು ತಡವಾಗಲಿಲ್ಲ. ಪ್ರತಿ ಸಂಚಿಕೆಯಲ್ಲೂ ಒಂದು ಅಂಚೆಕಾರ್ಡು ಇರುತ್ತದೆ, ಅದರಲ್ಲಿ ಮೆಚ್ಚಿನ ಮೂರು ಕತೆಗಳ ಹೆಸರು ಬರೆದು ಕಳಿಸಬೇಕು. ಯಾವ ಕತೆಗೆ ಕಾರ್ಡು ಕಡಿಮೆಯೋ ಅದಕ್ಕೆ ಕತ್ತರಿ. ನಾವೋ, ಒಂದೇ ಪ್ರತಿಯನ್ನು ನಲವತ್ತಮೂರು ಹೆಂಗಸರು ಓದುತ್ತಿದ್ದೆವು. ಅದರ ಒಂದೇ ಕಾರ್ಡನ್ನೂ, ಕತ್ತರಿಸಿದರೆ ಹಿಂಬದಿಯ ಚಿತ್ರ ಹಾಳಾಗುತ್ತದೆಂದು ಐದು ವರ್ಷ ಒಮ್ಮೆಯೂ ಕಳಿಸಿರಲಿಲ್ಲ. ಜಪಾನಿನಲ್ಲೆಲ್ಲ ತಮ್ಮನ್ನು ಇಷ್ಟು ಪ್ರೀತಿಸಿದ ಊರು ಇನ್ನೊಂದಿರಲಾರದು, ಮತ್ತು ಕಚೇರಿಯ ಪಟ್ಟಿಯಲ್ಲಿ ನಮ್ಮೂರಿನ ಪ್ರೀತಿ ಸೊನ್ನೆ.

ಪಶ್ಚಾತ್ತಾಪ ಬಂದಾಗ ನಾವು ಅರ್ಧಕ್ಕೆ ನಿಲ್ಲುವವರಲ್ಲ. ದಂಡಿನ ಮುಂದೆ ನಾನೇ ಇದ್ದೆ. ತಲೆಗೊಂದರಂತೆ ಸಂಚಿಕೆ ಕೊಂಡು, ಕಾರ್ಡು ಕತ್ತರಿಸಿ, ಡ್ರೈಯರಿನ ಕೆಳಗೆ ಕೂತವರ ಕೈಗೆಲ್ಲ ಪೆನ್ನು ಕೊಟ್ಟೆ. ಮೊದಲನೆಯ ಸ್ಥಾನಕ್ಕೆ ತಾವು, ಅದರಲ್ಲಿ ಚರ್ಚೆಯಿಲ್ಲ. ಎರಡು ಮತ್ತು ಮೂರನೆಯ ಸಾಲು ಖಾಲಿ ಬಿಡುವುದು ಅಸಭ್ಯತೆ ಎಂದು ತಮಾನೊ ಅಜ್ಜಿ ಹೇಳಿದರು. ಆದರೆ ತಮ್ಮ ಕತೆ ಬಿಟ್ಟು ಬೇರೆ ಯಾವುದನ್ನೂ ಯಾರೂ ಓದಿರಲಿಲ್ಲ. ವಿಷಯಸೂಚಿಯ ತುದಿಯಲ್ಲಿ ಬೆಕ್ಕೊಂದು ಹಲ್ಲಿನ ಡಾಕ್ಟರಾಗಿರುವ ನಾಲ್ಕು ಪುಟದ ಕತೆಯಿತ್ತು. ಪಾಪ ಎಂದು ಎಲ್ಲರೂ ಅದನ್ನೇ ಬರೆದರು.

ಅಷ್ಟೂ ಹೊತ್ತು ಚಿನಾಮಿ ಒಂದು ಮೂಲೆಯಲ್ಲಿ ಬಾಚಣಿಗೆ ತೊಳೆಯುತ್ತಿದ್ದಳು. ಕೊನೆಯ ಕಾರ್ಡು ಅವಳ ಮುಂದಿಟ್ಟಾಗ ಮೆಲ್ಲಗೆ ಅಂದಳು, "ಮುಗೀಲಿ ಬಿಡಿ ಅಮ್ಮಾವ್ರೇ. ಎಲ್ಲ ಕತೇನೂ ಒಂದಿನ ಮುಗೀಲೇಬೇಕಲ್ಲ." ನಾನು, ಒಂದು ಯೆನ್ ತಪ್ಪಿದರೆ ರಾತ್ರಿ ಊಟ ಸೇರದವಳು, ಆ ಮಾತಿನ ಬೆಲೆ ಎಣಿಸಲಿಲ್ಲ. ಸೋಮಾರಿತನ ಮಾಡಬೇಡ ಎಂದು ಗದರಿ ಪೆನ್ನು ಕೊಟ್ಟೆ. ಅವಳು ಬರೆದಳು. ನಲವತ್ತಮೂರನೆಯ ಕಾರ್ಡು ಅವಳದೇ, ಅಕ್ಷರ ಎಲ್ಲರಿಗಿಂತ ಅಂದವಾಗಿತ್ತು.

ಜೂನ್ ಸಂಚಿಕೆ ಬಂತು. ಅದು ಕೊನೆಯ ಕಂತಾಗಬೇಕಿದ್ದದ್ದು. ಮೂವತ್ತೆಂಟನೆಯ ಪುಟದಲ್ಲಿ ತಾವು ಕೈ ಚಾಚಿದಿರಿ. ಆಕೆಯೂ ಚಾಚಿದಳು. ನಡುವೆ ಒಂದು ಬೆರಳಿನಷ್ಟು ಜಾಗ. ಮುಂದಿನ ಪುಟ ತಿರುಗಿಸುವ ಮೊದಲು ಅಕ್ಕಿಯಂಗಡಿಯಾಕೆ ನೀರು ಕುಡಿದು ಬಂದಳು. ತಿರುಗಿಸಿದರೆ, ಆಕಾಶದಿಂದ ಒಂದು ಹನಿ ಮಳೆ, ತಾವು ಕೈ ಹಿಂದಕ್ಕೆ, ಮತ್ತೆ ಅದೇ ಬಂಡೆ, ಮತ್ತೆ ಅದೇ ಕಡಲು, ಕೆಳಗೆ ದಪ್ಪ ಅಕ್ಷರದಲ್ಲಿ: ಓದುಗರ ಅಪಾರ ಬೆಂಬಲದಿಂದ ಕತೆ ಮುಂದುವರಿಯುತ್ತದೆ, 'ಏಳು ಸಮುದ್ರಗಳ ಪರ್ವ' ಮುಂದಿನ ತಿಂಗಳಿಂದ. ಹೆಂಗಸರು ಚಪ್ಪಾಳೆ ತಟ್ಟಿದರು. ಆಗ ನನಗೆ ಹೊಳೆಯಿತು. ಕತೆಯನ್ನು ಸಾಯಲು ಬಿಟ್ಟಿದ್ದರೆ ಈ ಪುಟದಲ್ಲೇ ತಾವು ಕೈ ಹಿಡಿಯುತ್ತಿದ್ದಿರಿ. ಬದುಕಿಸಿದ್ದು ನಾವು. ಏಳು ಸಮುದ್ರವೆಂದರೆ ಸಮುದ್ರಕ್ಕೊಂದು ವರ್ಷವಾದರೂ ಏಳು ವರ್ಷ; ಚಿನಾಮಿಗೆ ಆಗ ನಲವತ್ತೊಂದು. ತಿರುಗಿ ನೋಡಿದೆ. ಅವಳು ಸಂಚಿಕೆ ಮುಚ್ಚಿಟ್ಟು, ಆಗಲೇ ಗುಡಿಸಿದ್ದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು. ಮೂರನೆಯ ಸಲ.

ಆ ಶುಕ್ರವಾರ ಮೊರಿಹಿಕೊ ತೋಫು ತರಲಿಲ್ಲ. ಮುಖ ತೋರಿಸಲು ನಾಚಿಕೆಯೋ, ತಮ್ಮ ಹೆಸರಿನಲ್ಲಿ ಸಿಕ್ಕ ಏಳು ವರ್ಷದ ವಾಯಿದೆಯ ನೆಮ್ಮದಿಯೋ, ತಾವೇ ಬಲ್ಲಿರಿ. ಶನಿವಾರ ಬೆಳಿಗ್ಗೆ ಚಿನಾಮಿ ಒಂದು ಬಟ್ಟಲು ಹಿಡಿದುಕೊಂಡು ಹೊರಟಳು. ಬಟ್ಟಲು ಹಿಡಿದ ರೀತಿ ನೋಡಿ ನಾನು ಅಂಗಡಿಗೆ ಬೀಗ ಹಾಕಿ ಹಿಂದೆ ಹೋದೆ. ತೋಫು ಅಂಗಡಿಯ ಮುಂದೆ ಆರು ಜನರ ಸಾಲು, ಅವಳ ಬೆನ್ನಿಗೇ ತಮಾನೊ ಅಜ್ಜಿ. ಸರದಿ ಬಂತು. ಮೊರಿಹಿಕೊ ಎಂದಿನಂತೆ ತೊಟ್ಟಿಯ ನೀರಿನೊಳಗೆ ಅಂಗೈ ಇಳಿಸಿ ಒಂದು ತೋಫುವನ್ನು ಕೂಸಿನ ಹಾಗೆ ಎತ್ತುತ್ತಿದ್ದ. ಚಿನಾಮಿ ಬಟ್ಟಲನ್ನು ಕೆಳಗಿಟ್ಟಳು, ಅಂಗಿಯ ತೋಳು ಮಡಿಸದೆಯೇ ತೊಟ್ಟಿಯೊಳಗೆ ಕೈ ಇಳಿಸಿದಳು, ತೋಫು ಸಮೇತ ಅವನ ಕೈ ಹಿಡಿದಳು.

"ಕರಗ್ಲಿಲ್ಲ ನೋಡಿ, ಮೊರಿಹಿಕೊ ಅವ್ರೇ."

ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ನೀರನ್ನೇ ನೋಡಿದ. ಬಿಳಿ ಚೂರುಗಳು ಒಂದೊಂದಾಗಿ ಮೇಲೆ ಬಂದವು. "ತೋಫು ಒಡೀತು," ಅಂದ. ಇನ್ನೊಂದು ಕೊಡುತ್ತೇನೆ, ಕೈ ಬಿಡಿ ಎಂದೂ ಅಂದ.

"ಬಿಡಲ್ಲ. ಮೊದ್ಲು ಕೇಳಿ."

ಹಿಂದಿನಿಂದ ತಮಾನೊ ಅಜ್ಜಿ ಕತ್ತು ಚಾಚಿದರು. "ಬೇಗ ಕೇಳಪ್ಪಾ, ನನ್ನ ಸಾರು ಒಲೆ ಮೇಲಿದೆ."

ಅವನು ಕೇಳಿದ. ಏನೆಂದು ಕೇಳಿದ ಎಂಬುದನ್ನು ತಮಗೆ ಬರೆಯುವುದಿಲ್ಲ. ಹನ್ನೊಂದು ಸಂಪುಟಗಳಲ್ಲಿ ತಾವು ಆಡಿದ ಯಾವ ಮಾತೂ ಅಷ್ಟು ಚಿಕ್ಕದಾಗಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಆದ್ದರಿಂದ ಪ್ರಭುಗಳಲ್ಲಿ ನನ್ನ ಕೋರಿಕೆಗಳು ಇವು. ಇನ್ನು ಮುಂದೆ ಕಡಲನ್ನು ನೋಡುವಾಗ, ತಮ್ಮನ್ನು ನೋಡಿ ಕಾಯುತ್ತ ಕೂತವರೂ ಇದ್ದಾರೆಂದು ಪುಟಕ್ಕೊಮ್ಮೆ ನೆನಪಿಸಿಕೊಳ್ಳಬೇಕು. ಏಳು ಸಮುದ್ರ ದಾಟುವುದೇ ಆದರೆ ಒಂದೇ ಕಂತಿನಲ್ಲಿ ಏಳನ್ನೂ ದಾಟಿಬಿಡಬೇಕು. ಅದಾಗದಿದ್ದರೆ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಜೋಡಿಗೆ ನೂರ ತೊಂಬತ್ತೆಂಟು ಯೆನ್ನಿಗೆ ಸಿಗುವ ರಬ್ಬರ್ ಕೈಗವಸನ್ನಾದರೂ ತೊಡಬೇಕು. ತಿಳಿಗುಲಾಬಿ ಬಣ್ಣವೊಂದೇ ಇದೆ, ಆದರೆ ತಮ್ಮ ನಿಲುವಂಗಿಗೆ ಒಪ್ಪುತ್ತದೆ. ಈ ಪತ್ರದ ಒಂದು ಪ್ರತಿಯನ್ನು ಅಂಗಡಿಬೀದಿಯ ಫಲಕಕ್ಕೆ ಅಂಟಿಸಿದ್ದೇನೆ, ಬೆನ್ನ ಹಿಂದೆ ಮಾತಾಡಿದೆನೆಂಬ ಅಪವಾದ ಬೇಡ.

ಹಾರುವ ಕೂದಲಿಗೆ ಕತ್ತರಿ ಹಿಡಿದು ಇಂದಿಗೂ ಕಾದಿರುವ,

ತಮ್ಮ ವಿಶ್ವಾಸಿ,
ಇಸೊಯೆ ಕುರಾಮೊಚಿ

ಮರೆತ ಮಾತು: ಮದುವೆ ನವೆಂಬರಿನಲ್ಲಿ, ಹವೆ ಒಣಗಿರುವಾಗ. ಚಹಾದ ಕೆಟಲಿನಿಂದ ದೂರವಾಗಿ ತಮಗೊಂದು ಆಸನ ಕಾದಿರಿಸಿದ್ದೇನೆ. ಜುಲೈ ಸಂಚಿಕೆಯನ್ನು ಈ ಸಲ ಒಂದೇ ಪ್ರತಿ ಕೊಂಡೆ. ಅದರ ಕಾರ್ಡು ಕತ್ತರಿಸಿ ಕಳಿಸಿಯೂ ಆಯಿತು. ಮೊದಲನೆಯ ಸಾಲಿನಲ್ಲಿ ಹಲ್ಲಿನ ಡಾಕ್ಟರಾದ ಆ ಬೆಕ್ಕು, ಎರಡನೆಯದರಲ್ಲಿ ತಾವು. ಯಾರಿಗೆ ಏನು ಸಿಕ್ಕಿತು ಎಂಬ ಲೆಕ್ಕವನ್ನೂ ಇಲ್ಲೇ ಮುಗಿಸುತ್ತೇನೆ. ತಮಗೆ ಏಳು ಸಮುದ್ರ. ಬೆಕ್ಕಿಗೆ ನಾಲ್ಕರ ಬದಲು ಹದಿನಾರು ಪುಟ. ತಮಾನೊ ಅಜ್ಜಿಗೆ ಪುಕ್ಕಟೆಯಾಗಿ ಹೊಸ ಗುಂಗುರು, ಆದರೆ ಅವತ್ತಿನ ಸಾರು ಸೀದುಹೋಯಿತು. ಮೊರಿಹಿಕೊಗೆ ಚಿನಾಮಿ. ಚಿನಾಮಿಗೆ ಮೊರಿಹಿಕೊ, ಜೊತೆಗೆ ಒಂದು ಒಡೆದ ತೋಫು, ದುಡ್ಡು ತೆಗೆದುಕೊಳ್ಳಲಿಲ್ಲ. ನನಗೆ, ಕಾರ್ಡು ಕತ್ತರಿಸಿದ ನಲವತ್ತಮೂರು ಏಪ್ರಿಲ್ ಸಂಚಿಕೆಗಳು, ಮತ್ತು ನವೆಂಬರಿನಿಂದ ವಾರಕ್ಕೆ ನಾಲ್ಕೇ ದಿನ ಕೆಲಸಕ್ಕೆ ಬರುವ ನಮ್ಮ ಹುಡುಗಿ.