ಸತ್ಸಂಗ ಬಿಟ್ಟು ಸೆಮಿಸ್ಟರ್ ಸೇರಿದ್ದು

ಮೂವತ್ತೇಳರ ವಯಸ್ಸಿನ್ಯಾಗ ಒಂದು ಕೈಯಾಗ ಟಿಫಿನ್ ಡಬ್ಬಿ, ಇನ್ನೊಂದು ಕೈಯಾಗ ಸಮಾಜಶಾಸ್ತ್ರದ ಪುಸ್ತಕ ಹಿಡ್ಕೊಂಡು ಹೊಸಪೇಟಿ ಬಸ್ ಸ್ಟ್ಯಾಂಡಿನ್ಯಾಗ ಓಡೋ ಹೆಂಗಸಿಗೆ ದಿನಕ್ಕೊಂದು ಫಜೀತಿ ಆಗಲಿಲ್ಲ ಅಂದ್ರ ಅದೇ ಸುದ್ದಿ. ನನಗಂತೂ ಎರಡೆರಡು ಆಗ್ತಿದ್ದವು. ಬೆಳಿಗ್ಗೆ ಡಿಗ್ರಿ ಕಾಲೇಜು, ಮಧ್ಯಾಹ್ನದಿಂದ ಸಂಡೂರು ರೋಡಿನ್ಯಾಗ ಅದಿರಿನ ಲಾರಿ ತೂಗೋ ಕಾಂಟಾದಾಗ ಕೆಲಸ, ಆಮ್ಯಾಲ ಮನಿ, ಅಡಗಿ, ಗಂಡ.

ಇದಕ್ಕೂ ಮೊದಲು ನಾನು ಸತ್ಸಂಗದಾಕಿ. ಕಂಪ್ಲಿ ಕಡೆ ಹೊಳಿ ದಂಡಿ ಮ್ಯಾಲ ನಮ್ಮದೊಂದು ಸತ್ಸಂಗ. ಹುಟ್ಟಿದ್ದೂ ಅದರೊಳಗ, ಲಗ್ನ ಆಗಿದ್ದೂ ಅದರೊಳಗ. ಉಳ್ಳಾಗಡ್ಡಿ ಬ್ಯಾಡ, ಚಾ ಬ್ಯಾಡ, ಟಿವಿ ಬ್ಯಾಡ, ಹಲ್ಲು ಕಾಣಂಗ ನಗೋದು ಬ್ಯಾಡ, ಗುರೂಜಿ ಮಾತು ಬಿಟ್ಟು ಬ್ಯಾರೆ ಏನೂ ಓದೋದು ಬ್ಯಾಡ. ಬ್ಯಾಡ ಅನ್ನಾಕ ಏನೂ ಉಳೀಲಿಲ್ಲ ಅಂದಾಗ ಕಣ್ಣು ಮುಚ್ಚಿ ಕುಂದ್ರು ಅಂತಿದ್ರು.

ಎಲ್ಲಾಕಿಂತ ಬಿಗಿ ನೇಮ ಇನ್ನೊಂದಿತ್ತು. ಬಿಟ್ಟು ಹೋದವ್ರ ಕೂಡ ಒಳಗಿನವ್ರು ಮಾತಾಡಂಗಿಲ್ಲ. ನಮ್ಮ ಅವ್ವ ಒಳಗ ಉಳಿದಿದ್ಲು. ನಾನು ಬಿಟ್ಟು ಬಂದ ಮ್ಯಾಲ ಕಂಪ್ಲಿಗೆ ಹೋದಾಗೆಲ್ಲ ಆಕಿ ಬಾಗಲದಾಗ ನಿಂತು ನನ್ನ ನೋಡ್ತಿದ್ಲು, ಒಂದು ಮಾತೂ ಆಡದ ಒಳಗ ಹೋಗ್ತಿದ್ಲು. ಈಗ ಹೇಳೋದೆಲ್ಲ ನಗೋ ಸಂಗತಿ ಖರೆ. ಆದ್ರ ಇದೊಂದು ನನ್ನ ದಿನಾ ಸುಡ್ತಿತ್ತು. ಆಕಿ ಒಂದು ಸಲ ಬೈದಿದ್ರೂ ಸಾಕಾಗಿತ್ತು ನನಗ.

೧. ಗುರೂಜಿಯ ಬೋರ್ಡು

ಪಿಯುಸಿ ತನಕ ನನ್ನ ಓದಾಕ ಬಿಟ್ಟಿದ್ರು. ಗುರೂಜಿ ಪ್ರವಚನ ಬರ್ಕೊಳ್ಳಾಕ ಕೈಬರಹ ಚಲೋ ಇರೋ ಒಬ್ಬಾಕಿ ಬೇಕಿತ್ತು, ಅದಕ್ಕ. ಹದಿನೇಳು ವರ್ಷ ಬರ್ಕೊಂಡೆ. ಒಂದಿನ ಧೈರ್ಯ ಮಾಡಿ, ಡಿಗ್ರಿ ಓದ್ತೀನ್ರಿ ಅಂತ ಕೇಳಿದೆ.

ಗುರೂಜಿ ಕಣ್ಣು ಮುಚ್ಚಿದ್ರು. ಓದಿದ್ರ ಅಹಂಕಾರ ಬರ್ತೈತಿ ತಾಯಿ ಅಂದ್ರು. ಅವ್ರ ತಲಿ ಹಿಂದ ಗೋಡಿ ಮ್ಯಾಲ ಬಂಗಾರದ ಅಕ್ಷರದ ಬೋರ್ಡು. ಅದರಾಗ ಅವ್ರ ಹೆಸರಿನ ಮುಂದ ಬಿ.ಎಸ್ಸಿ., ಎಲ್‌ಎಲ್.ಬಿ. ಅಂತ ಬರೆದಿತ್ತು. ತಾವೂ ಓದೀರಲ್ರಿ ಅಂದೆ. ಅದು ಪೂರ್ವಾಶ್ರಮದ್ದು ಅಂದ್ರು. ಹಂಗಾದ್ರ ಬೋರ್ಡು ಮೊನ್ನೆ ಮೊನ್ನೆ ಹಾಕಿದ್ದೈತಲ್ರೀ ಅಂದೆ. ಇಡೀ ಹಾಲ್ ನನ್ನ ಕಡೆ ತಿರುಗಿತು. ಅಲ್ಲಿಗೆ ನನ್ನ ಸತ್ಸಂಗ ಮುಗೀತು.

ಅಳಕೋತ ಮನಿಗೆ ಬಂದೆ. ನಮ್ಮ ಮನಿಯವ್ರು ತೋರಣಗಲ್ಲಿನ ಫ್ಯಾಕ್ಟರಿಯಾಗ ಶಿಫ್ಟ್ ಮುಗಿಸಿ ಆಗಷ್ಟೇ ಬಂದಿದ್ರು. ಸಿಟ್ಟಾಗ್ತಾರ ಅಂದ್ಕೊಂಡ್ರ, ಉಸಿರು ಬಿಟ್ಟು ಕುಂತ್ರು. "ನಾನು ಹೊಟ್ಟಿಯಿಂದ ಯಾವಾಗೋ ಬಿಟ್ಟೀನಿ. ನೀನು ತಲಿಯಿಂದ ಬಿಡೋದು ಕಾಯ್ತಿದ್ದೆ" ಅಂದ್ರು. ದಿನಾ ಶಿಫ್ಟ್ ಮುಗಿದ ಮ್ಯಾಲ ಗೇಟಿನ ಮುಂದ ಉಳ್ಳಾಗಡ್ಡಿ ಹಾಕಿದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಹೊಡೆದು, ಬಸ್ಸಿನ್ಯಾಗ ಏಲಕ್ಕಿ ಅಗಿದು ಮನಿಗೆ ಬರ್ತಿದ್ರಂತ. ಇಷ್ಟು ವರ್ಷ ಆ ಏಲಕ್ಕಿ ವಾಸನಿಯನ್ನ ನಾನು ಅವ್ರ ಭಕ್ತಿ ಅಂತ ತಿಳ್ಕೊಂಡಿದ್ದೆ.

೨. ನಿಂತಾಕಿ

ಸತ್ಸಂಗದಾಗ ಗುರೂಜಿ ಬಂದ್ರ ಎದ್ದು ಕೈ ಕಟ್ಟಿ ನಿಲ್ಲಬೇಕು, ಅವ್ರು ಕುಂದ್ರು ಅನ್ನೋ ತನಕ ಕುಂದ್ರಂಗಿಲ್ಲ. ಕಾಲೇಜಿನ ಮೊದಲ್ನೇ ದಿನ ಮೇಷ್ಟ್ರು ಒಳಗ ಬಂದ್ರು, ಹಿಂದಿನ ಬೆಂಚಿನ್ಯಾಗ ನಾನು ಎದ್ದು ಕೈ ಕಟ್ಟಿ ನಿಂತೆ. ಹುಡುಗ್ರು ಯಾರೂ ಮೊಬೈಲಿನಿಂದ ತಲಿ ಎತ್ತಲಿಲ್ಲ. ಮೇಷ್ಟ್ರು ನನ್ನ ನೋಡಿದ್ರು, ಗಾಬರಿಯಾದ್ರು, ಕುಂದ್ರು ಅನ್ನಲಿಲ್ಲ. ನಾನೂ ಕುಂದ್ರಲಿಲ್ಲ.

ಅವ್ರು ಕೈಯಾಗಿನ ಮೊಬೈಲ್ ಕಿಸೆದಾಗ ಇಟ್ರು. ಬೋರ್ಡು ಒರೆಸಿದ್ರು, ತಾರೀಖು ಬರೆದ್ರು. ಒಂದು ತಾಸು ಬಿಡುವಿಲ್ಲದ ಪಾಠ ಮಾಡಿದ್ರು, ಉದಾಹರಣಿ ಕೊಟ್ರು, ಚಿತ್ರ ತೆಗೆದ್ರು, ಬೆವರು ಒರೆಸ್ಕೊಂಡ್ರು. ನನಗೂ ಕಾಲು ಜೋಮು ಹಿಡೀತು. ಬೆಲ್ಲು ಹೊಡೆದ ಕೂಡ್ಲೆ ಸೀದಾ ನನ್ನ ಹತ್ರ ಬಂದು, ಮೇಡಂ, ವರದಿಯೊಳಗ ನಮ್ಮ ಡಿಪಾರ್ಟ್‌ಮೆಂಟ್ ಕಡೆ ಸ್ವಲ್ಪ ನೋಡ್ರಿ ಅಂದ್ರು. ಕಾಲೇಜ್ ತಪಾಸಣಿಗೆ ಬರೋ ಕಮಿಟಿಯಾಕಿ ಅಂತ ತಿಳಿದಿದ್ರು. ಸರ್, ನಾನು ಹೊಸ ಅಡ್ಮಿಷನ್ ರೀ ಅಂದೆ. ಅವ್ರ ಮುಖ ನೋಡಾಕ ಆಗಲಿಲ್ಲ.

ಅವ್ರು ಹೋದ ಮ್ಯಾಲ ಮುಂದಿನ ಬೆಂಚಿನ ಹುಡುಗಿ ತಿರುಗಿ ನನಗ ಎರಡೂ ಕೈ ಮುಗಿದ್ಲು. "ಆಂಟಿ, ನಾಳಿಯಿಂದ ಕುಂದರ್ರಿ. ನಮ್ಮ ಸೀನಿಯರ್‌ಗಳು ಮೂರು ವರ್ಷದಾಗ ಇಷ್ಟು ಪಾಠ ಕೇಳಿಲ್ಲಂತ."

೩. ಒಂದು ಪ್ರಶ್ನೆ

ಎರಡನೇ ವಾರದಿಂದ ಮೇಷ್ಟ್ರು ಮಾಮೂಲಿ ದಾರಿಗೆ ಬಂದ್ರು. ಹಳದಿ ಬಿದ್ದ ನೋಟ್ಸ್ ತರೋದು, ಓದೋದು, ನಾವು ಬರ್ಕೊಳ್ಳೋದು. ನನಗ ಇದು ಹೊಸದೇನಲ್ಲ, ಹದಿನೇಳು ವರ್ಷದ ಅನುಭವ ಐತಿ. ಉಸಿರು ತೊಗೊಳ್ಳಾಕ ಅವ್ರು ನಿಂತ್ರ ನಾನೂ ಅಲ್ಲೇ ಅಲ್ಪವಿರಾಮ ಹಾಕ್ತಿದ್ದೆ.

ಆದ್ರ ನಾನು ಸತ್ಸಂಗ ಬಿಟ್ಟಿದ್ದೇ ಪ್ರಶ್ನೆ ಕೇಳಬೇಕಂತ. ಒಂದಿನ ಕೈ ಎತ್ತಿದೆ. ಸರ್, ಜಾತಿ ಹೆಂಗ ಹುಟ್ಟಿತು ಅಂತ ಬರೆಸಿದ್ರಿ, ಹೆಂಗ ಹೋಗ್ತೈತಿ ಅಂತ ಎಲ್ಲೈತಿ ಅಂದೆ. ಮೇಷ್ಟ್ರು ಹಾಳಿ ಹಿಂದ ಮುಂದ ತಿರುವಿ ನೋಡಿದ್ರು. ಅದು ಮುಂದಿನ ಸೆಮಿಸ್ಟರಿನ್ಯಾಗ ಬರ್ತೈತಮ್ಮಾ, ಈಗ ಕೇಳಬಾರದು ಅಂದ್ರು.

ಸತ್ಸಂಗದಾಗ ಏನು ಕೇಳಿದ್ರೂ ಮುಂದಿನ ಜನ್ಮದಾಗ ತಿಳೀತೈತಿ ಅಂತಿದ್ರು. ಕಾಯೋದು ಆರು ತಿಂಗಳಿಗೆ ಇಳೀತಲ್ಲ, ವಿದ್ಯೆಗೆ ಅಷ್ಟರ ಮಟ್ಟಿಗೆ ಕೈ ಮುಗೀಬೇಕು.

೪. ಕಾಂಟಾದ ಮೈಕು

ನಮ್ಮ ಕಾಂಟಾದಾಗ ಲಾರಿ ಡ್ರೈವರ್‌ಗಳಿಗೆ ಮುಂದ ಬಾ, ನಿಲ್ಲು, ಹೋಗು ಅನ್ನಾಕ ಒಂದು ಮೈಕ್ ಐತಿ. ನನಗೋ ಗಟ್ಟಿಯಾಗಿ ಓದಿದ್ರನ ತಲಿಗೆ ಹತ್ತೋದು, ಭಜನಿ ಮಾಡಿ ಬೆಳೆದ ಬಾಯಿ. ಪರೀಕ್ಷೆ ಹತ್ರ ಬಂದಿತ್ತು. ಲಾರಿ ಕಮ್ಮಿ ಅದಾವ ಅಂತ ಪುಸ್ತಕ ತೆಗೆದು ಮದಿವಿ ಅನ್ನೋ ಅಧ್ಯಾಯ ಹಿಡಿದೆ. ಒಬ್ಬ ಪುರುಷನು ಏಕಕಾಲದಲ್ಲಿ ಒಬ್ಬರಿಗಿಂತ ಹೆಚ್ಚು ಸ್ತ್ರೀಯರನ್ನು ವಿವಾಹವಾಗುವುದೇ ಬಹುಪತ್ನಿತ್ವ. ಐದಾರು ಸಲ ಹೇಳಿದೆ. ಅದರ ಲಾಭಗಳನ್ನೂ ಹೇಳಿದೆ.

ತಲಿ ಎತ್ತಿದ್ರ ಕಾಂಟಾದ ಮ್ಯಾಲ ನಿಂತ ಲಾರಿ ಹಂಗ ನಿಂತೈತಿ, ಹಿಂದಿನ ಲಾರಿಗಳೂ ಎಂಜಿನ್ ಬಂದ್ ಮಾಡ್ಯಾವ. ಡ್ರೈವರ್‌ಗಳೆಲ್ಲ ಇಳಿದು ಕಿಡಕಿ ಮುಂದ ನಿಂತಾರ. ಮೈಕ್ ಬಂದ್ ಮಾಡೋದು ಮರೆತಿದ್ದೆ. ನನಗ ಭೂಮಿ ಬಾಯಿ ಬಿಡಬಾರದೇನು ಅನಿಸ್ತು. ಅವರಾಗಿನ ಹಿರಿಯ ಡ್ರೈವರ್ ಭಾಳ ಮರ್ಯಾದಿಯಿಂದ ಕೇಳಿದ: "ಅಕ್ಕಾರ, ತೂಕ ಆಮ್ಯಾಲ ಆಗ್ಲಿ. ಇದು ಸರ್ಕಾರದ ಸ್ಕೀಮೇನ್ರಿ?"

ಮರುದಿನ ಬ್ಯಾರೆ ಕಡೆ ತೂಗೋ ಲಾರಿಗಳೂ ನಮ್ಮ ಕಾಂಟಾಕ್ಕ ಬಂದ್ವು. ಮುಂದಿಂದು ಹೇಳ್ರಿ ಅಂತ ಒತ್ತಾಯ. ಆಗ್ಲಪ್ಪಾ ಅಂತ ಮೈಕ್ ಹಚ್ಚಿ, ಒಬ್ಬಾಕಿ ಹೆಂಗಸು ಏಕಕಾಲಕ್ಕ ಮೂರು ನಾಲ್ಕು ಗಂಡಂದಿರನ್ನ ಮಾಡ್ಕೊಳ್ಳೋದು ಬಹುಪತಿತ್ವ, ಇದರ ಲಾಭಗಳು ಏನಂದ್ರ, ಅಂತ ಶುರು ಮಾಡಿದೆ. ಲಾರಿಗಳ ಸಾಲು ಅವತ್ತಿನಷ್ಟು ಜಲ್ದಿ ಯಾವತ್ತೂ ಖಾಲಿ ಆಗಿಲ್ಲ.

೫. ಹಂಪಿ ಟೂರು

ಹೊಸಪೇಟ್ಯಾಗ ಇದ್ದು ಹಂಪಿ ನೋಡದಾಕಿ ನಾನೊಬ್ಬಾಕಿನ ಇರಬೇಕು. ಕಲ್ಲಿನ್ಯಾಗ ಕುಣಿಯೋ ಹೆಣ್ಮಕ್ಕಳನ್ನ ನೋಡಿದ್ರ ಮನಸ್ಸು ಕೆಡ್ತೈತಿ ಅಂತ ಸತ್ಸಂಗದಾಗ ಅದಕ್ಕೂ ಬ್ಯಾಡ ಅಂದಿದ್ರು. ಕಾಲೇಜಿನಿಂದ ಕರ್ಕೊಂಡು ಹೋದ್ರು. ಹುಡುಗ್ರು ಕಂಬದ ಮುಂದ ನಿಂತು ತಮ್ಮ ಫೋಟೋ ತಾವ ತೆಗೆದ್ಕೊಂಡ್ರು. ನಾನು ಕಂಬ ನೋಡಿದೆ. ಮನಸ್ಸು ಕೆಡಲಿಲ್ಲ, ಇಷ್ಟು ದಿನ ನೋಡಲಿಲ್ಲಲ್ಲ ಅಂತ ಕಣ್ಣಾಗ ನೀರು ಬಂತು.

ರಾಣಿ ಸ್ನಾನದ ಮನಿ ಹತ್ರ ಬಂದ್ರ, ಸತ್ಸಂಗದಾಗ ಮುಂದಿನ ಸಾಲಿನ್ಯಾಗ ಕುಂದ್ರೋ ಇಬ್ಬರು ಹಿರಿಯರು. ತಂಪು ಕನ್ನಡಕ ಹಾಕ್ಯಾರ, ಕೈಯಾಗ ಚಾದ ಕಪ್ಪು, ಮೊಬೈಲ್ ಮ್ಯಾಲ ಎತ್ತಿ ಹಲ್ಲೆಲ್ಲ ಕಾಣಂಗ ನಕ್ಕೋತ ಸೆಲ್ಫಿ ತೆಗೀತಾರ. ಸೆಲ್ಫಿಯೊಳಗ ಅವ್ರ ಹೆಗಲ ಹಿಂದ ನಾನು ಬಂದೆ. ಇಬ್ಬರೂ ಕಲ್ಲಾದ್ರು. ಬಾಯಿ ತೆಗೀತಾರ, ಮುಚ್ತಾರ. ಕೈ ಮುಂದ ಮಾಡ್ತಾರ, ಹಿಂದ ತೊಗೋತಾರ. ಪಾಪ, ಬಿಟ್ಟು ಹೋದವ್ರ ಕೂಡ ಮಾತಾಡಂಗಿಲ್ಲಲ್ಲ. ಹಂಗಾಗಿ ಯಾರ ಮುಂದೂ ಹೇಳಬ್ಯಾಡ ಅಂತ ನನಗ ಹೇಳಾಕೂ ಅವ್ರಿಗೆ ಬರಲಿಲ್ಲ.

೬. ಬುದ್ಧಿ ಹೇಳಾಕ ಬಂದಾಕಿ

ಎರಡನೇ ವರ್ಷದಾಗ ಒಂದು ಭಾನುವಾರ ಬಾಗಲ ತೆಗೆದ್ರ ಅವ್ವ ನಿಂತಿದ್ಲು. ಆಕಿನ ಮಾತಾಡಿದ್ಲು, ಒಂದೂವರಿ ವರ್ಷದ ಮ್ಯಾಲ. ನಿನಗ ಬುದ್ಧಿ ಹೇಳಾಕ ಬಂದೀನಿ ಅಂದ್ಲು. ನಾನು ಅಲ್ಲೇ ಹೊಸ್ತಿಲದಾಗ ಕುಂತು ಅತ್ತೆ.

ಆಮ್ಯಾಲ ಗೊತ್ತಾತು. ಅವ್ವ ಗುರೂಜಿ ಮುಂದ ಕುಂತು, ನನ್ನ ಮಗಳನ್ನ ದಾರಿಗೆ ತರ್ತೀನಿ, ಮಾತಾಡಾಕ ಅಪ್ಪಣಿ ಕೊಡ್ರಿ ಅಂತ ಗೋಗರೆದಿದ್ಲಂತ. ಓದಿನ ಹುಚ್ಚು ಬಿಡಿಸಾಕ ಅಂತ, ಓದು ಮುಗಿಯೋ ತನಕ, ಭಾನುವಾರಕ್ಕೊಮ್ಮೆ ಅಂತ ಅಪ್ಪಣಿ ಆಗಿತ್ತು.

ಆ ಭಾನುವಾರ ಅವ್ವ ನನ್ನ ತಲಿಗೆ ಎಣ್ಣಿ ಹಚ್ಚಿದ್ಲು, ಇಷ್ಟು ಸೊರಗಿದ್ರ ಹೆಂಗ ಓದ್ತಿ ಅಂತ ಬೈದ್ಲು, ನಮ್ಮ ಮನಿಯವ್ರಿಗೂ ಬೈದ್ಲು. ಹೊರಡೋ ಹೊತ್ತಿಗೆ, ಬುದ್ಧಿ ಹೇಳಲೇ ಇಲ್ಲಲ್ಲ ಅವ್ವ ಅಂದೆ. ಮುಂದಿನ ವಾರ ಹೇಳ್ತೀನಿ, ಅವಸರ ಏನೈತಿ ಅಂದ್ಲು. ಮುಂದಿನ ವಾರ ರೊಟ್ಟಿ ಬಡಿದ್ಲು. ಅದರ ಮುಂದಿನ ವಾರ ನನ್ನ ಕೈಯಾಗ ಪುಸ್ತಕ ಕೊಟ್ಟು, ನೀನು ಓದ್ಕೋ ಅಂತ ತಾನ ಪಾತ್ರೆ ತೊಳೆದ್ಲು. ಅತ್ತ ಗುರೂಜಿಗೆ, ಹುಡುಗಿ ಭಾಳ ಗಟ್ಟಿ ಅದಾಳ್ರೀ, ಇನ್ನೂ ಟೈಮ್ ಬೇಕು ಅಂತ ವಾರವಾರ ವರದಿ ಒಪ್ಪಿಸ್ತಿದ್ಲು. ಈ ತಾಯಿಯ ತಾಳ್ಮೆ ನೋಡಿ ಕಲೀರಿ ಅಂತ ಗುರೂಜಿ ಪ್ರವಚನದಾಗ ಹೊಗಳಿದ್ರಂತ.

ಒಂದು ಶನಿವಾರ ಕಡೀ ಪರೀಕ್ಷೆ ಬರೆದೆ. ಇನ್ನ ನಾನೂ ಡಿಗ್ರಿ ಹೋಲ್ಡರ್ ಅಂತ ನಾನು ಹಿಗ್ಗಿದ್ರ, ಮರುದಿನ ಬಂದ ಅವ್ವ ಸಪ್ಪಗ ಕುಂತಿದ್ಲು. ಏನಾತವ್ವಾ ಅಂದೆ. ಓದು ಮುಗೀತಲ್ಲ, ನನ್ನ ಅಪ್ಪಣಿನೂ ಮುಗೀತು ಅಂದ್ಲು. ಮುಂದಿನ ಭಾನುವಾರದಿಂದ ನಿನ್ನ ಕೂಡ ಮಾತಾಡಂಗಿಲ್ಲ ಅಂದ್ಲು. ನನಗ ಡಿಗ್ರಿ ಬ್ಯಾಡಾಗಿತ್ತು ಅನಿಸ್ತು.

ಆಮ್ಯಾಲ ಅವ್ವ ಬಾಗಲ ಕಡೆ ಒಮ್ಮೆ ನೋಡಿ, ನನ್ನ ಹತ್ರ ಸರಿದು, ದನಿ ಸಣ್ಣದು ಮಾಡಿದ್ಲು.

"ಇದರ ಮ್ಯಾಲ ಎಂ.ಎ. ಅಂತ ಒಂದು ಐತಂತಲ್ಲ, ಅದು ಎಷ್ಟು ವರ್ಷ?"

ಎರಡು ವರ್ಷ ಅಂದೆ.

"ಹಂಗಾದ್ರ ಸೇರ್ಕೊಂಡು ಬಿಡು. ಮಗಳು ಇನ್ನೂ ಕೆಟ್ಲು ಅಂತ ಗುರೂಜಿಗೆ ನಾನು ಹೇಳ್ತೀನಿ."